ಕ್ಯಾನ್‌ನಲ್ಲಿ ಡೀಸೆಲ್ ಹೊತ್ತು ತಂದವರು ಸ್ವಲ್ಪ ಅನುಭವ ಹೇಳಿ

ಕೇಳಿದ್ದು

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಹೆಂಡತಿ ಇಬ್ಬರೇ ಹಾಯಿದೋಣಿಯಲ್ಲಿ ದೂರದ ಪ್ರಯಾಣಕ್ಕೆ ಹೊರಡುತ್ತಿದ್ದೇವೆ. ಇಲ್ಲಿಯವರೆಗೆ ಮರೀನಾದ (ದೋಣಿ ನಿಲ್ದಾಣದ) ಪಂಪಿನ ಪಕ್ಕದಲ್ಲೇ ದೋಣಿ ಕಟ್ಟಿ ಡೀಸೆಲ್ ಹಾಕಿಸಿ ಅಭ್ಯಾಸ. ಮುಂದೆ ಆ ಸೌಕರ್ಯ ಎಲ್ಲ ಕಡೆ ಸಿಗುವುದಿಲ್ಲ. ದೋಣಿಯನ್ನು ಲಂಗರಿನಲ್ಲಿ ನಿಲ್ಲಿಸಿ, ಡಿಂಗಿಯಲ್ಲಿ (ದಡಕ್ಕೆ ಓಡಾಡುವ ಪುಟ್ಟ ದೋಣಿ) ದಡಕ್ಕೆ ಹೋಗಿ, ರಸ್ತೆ ಬದಿಯ ಬಂಕಿನಿಂದ ಕ್ಯಾನ್‌ನಲ್ಲಿ ತರಬೇಕಾಗುತ್ತದೆ. ನಮ್ಮ ಟ್ಯಾಂಕ್ 200 ಲೀಟರಿನದು. ಡಿಂಗಿಯ ಹಿಂದೆ ಸಿಕ್ಕಿಸುವ ಔಟ್‌ಬೋರ್ಡ್ ಮೋಟರಿಗೆ ಪೆಟ್ರೋಲ್ ಬೇರೆ ಬೇಕು. ಯಾವ ಅಳತೆಯ ಕ್ಯಾನ್ ಒಳ್ಳೆಯದು? ಎಷ್ಟು ಬೇಕು? ದೋಣಿಯಲ್ಲಿ ಎಲ್ಲಿ ಇಡುವುದು? ಕೆಟ್ಟ ಡೀಸೆಲ್ ಸಿಕ್ಕರೆ ಗೊತ್ತಾಗುವುದು ಹೇಗೆ? ಮಾಡಿ ನೋಡಿದವರು ಹೇಳಿ.

ಉತ್ತರ 1

ಸರ್, ಮೊದಲು ಲೆಕ್ಕ, ಆಮೇಲೆ ಕ್ಯಾನ್. ನಿಮ್ಮ ಎಂಜಿನ್ ಗಂಟೆಗೆ 3 ಲೀಟರ್ ಕುಡಿದು 5 ನಾಟ್ (ಗಂಟೆಗೆ 5 ನಾಟಿಕಲ್ ಮೈಲಿ, ಅಂದರೆ ಸುಮಾರು 9 ಕಿಲೋಮೀಟರ್) ವೇಗ ಕೊಡುತ್ತದೆ ಅಂದುಕೊಳ್ಳಿ. ಆಗ 20 ಲೀಟರ್ ಅಂದರೆ ಆರೂವರೆ ಗಂಟೆಯ ಓಟ, ಸುಮಾರು 33 ನಾಟಿಕಲ್ ಮೈಲಿ. ಮುಂದಿನ ಪಂಪ್ ಎಷ್ಟು ದೂರ ಇದೆ, ದಾರಿಯಲ್ಲಿ ಗಾಳಿ ಸಿಗುತ್ತದಾ ಇಲ್ಲವಾ ನೋಡಿ, ಅಷ್ಟಕ್ಕೆ ಬೇಕಾದಷ್ಟು ತನ್ನಿ. ದಡಕ್ಕೆ ಬಂದಿದ್ದೇವೆ ಅಂತ ಟ್ಯಾಂಕ್ ತುಂಬಿಸಲೇಬೇಕು ಅನ್ನುವ ಹಟ ಬೇಡ. ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯಲ್ಲಿ ತೇವ ಕಟ್ಟುತ್ತದೆ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ನಾನು ನೋಡಿದ ಮಟ್ಟಿಗೆ ಟ್ಯಾಂಕಿಗೆ ನೀರು ಜಾಸ್ತಿ ಬರುವುದು ಡೆಕ್ (ದೋಣಿಯ ಮೇಲ್ಹಾಸು) ಮೇಲಿನ ಟ್ಯಾಂಕ್ ಮುಚ್ಚಳದ ಸವೆದ ವಾಷರಿನಿಂದ.

ಇನ್ನು ಅಳತೆ. ಎಲ್ಲರೂ 20 ಲೀಟರಿನ ಕ್ಯಾನನ್ನೇ ಕೊಳ್ಳುತ್ತಾರೆ. ನನ್ನ ಓಟು 10 ಲೀಟರಿನದಕ್ಕೆ. 20 ಲೀಟರ್ ಡೀಸೆಲ್ ಸುಮಾರು 17 ಕೆಜಿ, ಕ್ಯಾನ್ ಸೇರಿದರೆ 18 ದಾಟುತ್ತದೆ. ಬಂಕಿನಲ್ಲಿ ಅದನ್ನು ಎತ್ತುವುದು ದೊಡ್ಡ ವಿಷಯವಲ್ಲ. ಅದೇ ಕ್ಯಾನನ್ನು ಡಿಂಗಿಯಲ್ಲಿ ನಿಂತು ದೋಣಿಗೆ ಏರಿಸುವಾಗ ನೋಡಿ. ಡಿಂಗಿ ಕೆಳಗಿಳಿಯುವ ಹೊತ್ತಿಗೇ ದೋಣಿ ಮೇಲೇಳುತ್ತದೆ. ಎರಡು ಕೈಯೂ ಕ್ಯಾನ್ ಮೇಲೆ, ಹಿಡಿದುಕೊಳ್ಳಲು ಮೂರನೇ ಕೈ ಇಲ್ಲ. ಸೊಂಟ ಹಿಡಿಯುವುದು, ಬೆರಳು ಜಜ್ಜುವುದು ಎಲ್ಲ ಆಗುವುದು ಆ ಜಾಗದಲ್ಲೇ. 10 ಲೀಟರಿನದಾದರೆ ಒಂದು ಕೈಯಲ್ಲಿ ಎತ್ತಬಹುದು, ಇನ್ನೊಂದು ಕೈ ಕಂಬಿಗೆ ಸಿಗುತ್ತದೆ. ನಡೆಯುವಾಗಲೂ ಕೈಗೊಂದರಂತೆ ಹಿಡಿದರೆ ಮೈ ಒಂದೇ ಕಡೆಗೆ ವಾಲುವುದಿಲ್ಲ. ನಾಲ್ಕು ಸಲ ಓಡಾಡಬೇಕಾಗಬಹುದು, ಆಗಲಿ ಬಿಡಿ.

ಉತ್ತರ 2

ನಾನು ಒಪ್ಪುವುದಿಲ್ಲ. ಬಂಕ್ ಒಂದೂವರೆ ಕಿಲೋಮೀಟರ್ ದೂರ ಇದ್ದು, ಮೇಲೆ ಬಿಸಿಲಿದ್ದರೆ "ನಾಲ್ಕು ಸಲ ಓಡಾಡಿ" ಅನ್ನುವುದು ಸುಲಭವಲ್ಲ. ನಮ್ಮದು 20 ಲೀಟರಿನವೇ, ಜೊತೆಗೆ ಮಡಚುವ ಕೈಗಾಡಿ. ಗಾಳಿ ತುಂಬಿದ ದೊಡ್ಡ ಚಕ್ರ ಇರುವ ಗಾಡಿಯನ್ನೇ ನೋಡಿ ಕೊಳ್ಳಿ. ಸಣ್ಣ ಪ್ಲಾಸ್ಟಿಕ್ ಚಕ್ರ ಮರಳಿನಲ್ಲಿ ಹೂತುಹೋಗುತ್ತದೆ.

ಎತ್ತುವುದಕ್ಕೆ ಮೈಬಲ ಯಾಕೆ ಬೇಕು? ದೋಣಿಯಲ್ಲಿ ರಾಟೆ, ಹಗ್ಗ ಇದ್ದೇ ಇರುತ್ತವೆ. ಬೂಮ್ (ಹಾಯಿಯ ಕೆಳಗಿನ ಅಡ್ಡಕಂಬ) ತುದಿಯನ್ನು ಪಕ್ಕಕ್ಕೆ ತಳ್ಳಿ ಕಟ್ಟಿ, ಅದಕ್ಕೊಂದು ರಾಟೆ ಹಾಕಿ. ಕೆಳಗೆ ಇರುವವರು ಕೊಕ್ಕೆ ಸಿಕ್ಕಿಸಿ, ಡೆಕ್ ಮೇಲೆ ಇರುವವರು ಎಳೆಯಲಿ. ನನ್ನ ಹೆಂಡತಿ ಕೂತಲ್ಲೇ ಕೂತು 20 ಲೀಟರ್ ಮೇಲೆ ತರುತ್ತಾಳೆ.

ಕಬ್ಬಿಣದ ಹಳೇ ಮಾದರಿಯ ಜೆರ್ರಿ ಕ್ಯಾನ್ ಬಗ್ಗೆಯೂ ಯೋಚಿಸಿರುತ್ತೀರಿ. 1930ರ ದಶಕದಲ್ಲಿ ಜರ್ಮನ್ ಸೇನೆಗೆ ಅಂತ ಮಾಡಿದ ವಿನ್ಯಾಸ ಅದು. ಮೇಲೆ ಮೂರು ಹಿಡಿ ಇರುತ್ತವೆ. ತುಂಬಿದ ಕ್ಯಾನನ್ನು ಇಬ್ಬರು ಆಚೀಚೆ ಹಿಡಿದು ಒಯ್ಯಬಹುದು, ಖಾಲಿಯಾದರೆ ಒಬ್ಬನೇ ಒಂದು ಕೈಯಲ್ಲಿ ಎರಡು ಹಿಡಿಯಬಹುದು. ಬುದ್ಧಿವಂತ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಖಾಲಿ ಇದ್ದಾಗಲೇ ಸುಮಾರು 4 ಕೆಜಿ. ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ, ಡೆಕ್ ಮೇಲೆಲ್ಲ ಕಂದು ಕಲೆ. ದೋಣಿಗೆ ದಪ್ಪ ಪ್ಲಾಸ್ಟಿಕ್ಕಿನದೇ ಸರಿ.

ಉತ್ತರ 3

ಬಂಕಿನಲ್ಲಿ ನಡೆಯುವುದರ ಬಗ್ಗೆ ಯಾರೂ ಹೇಳಲಿಲ್ಲ. ನಾನು ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಮೊದಲು, ಯಾವ ಪಂಪ್ ಯಾವುದು ಅಂತ ಖಚಿತ ಮಾಡಿಕೊಳ್ಳಿ. ಬಣ್ಣ ನಂಬಬೇಡಿ. ಯುರೋಪಿನ ಬಂಕುಗಳಲ್ಲಿ ಹಸಿರು ಹಿಡಿ ಅಂದರೆ ಸಾಮಾನ್ಯವಾಗಿ ಪೆಟ್ರೋಲ್, ಅಮೆರಿಕದಲ್ಲಿ ಹಸಿರು ಹಿಡಿ ಹೆಚ್ಚಾಗಿ ಡೀಸೆಲ್. ಕ್ಯಾನ್ ಬಣ್ಣದ್ದೂ ಇದೇ ಕಥೆ. ಅಮೆರಿಕದಲ್ಲಿ ಕೆಂಪು ಪೆಟ್ರೋಲಿಗೆ, ಹಳದಿ ಡೀಸೆಲಿಗೆ, ನೀಲಿ ಸೀಮೆಎಣ್ಣೆಗೆ. ಬೇರೆ ಕಡೆ ಅದನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಕ್ಯಾನಿನ ಎರಡೂ ಬದಿಗೆ ಅಳಿಸದ ಮಾರ್ಕರಿನಲ್ಲಿ ದೊಡ್ಡದಾಗಿ ಬರೆಯಿರಿ, ಹಿಡಿಗೆ ಬಣ್ಣದ ಟೇಪು ಸುತ್ತಿ. ಅನುಮಾನ ಬಂದರೆ ಒಂದು ಹನಿ ಬೆರಳಿಗೆ ಹಚ್ಚಿ ನೋಡಿ. ಪೆಟ್ರೋಲ್ ತಣ್ಣಗೆ ಆರಿಹೋಗುತ್ತದೆ, ಡೀಸೆಲ್ ಜಿಡ್ಡಾಗಿ ಉಳಿಯುತ್ತದೆ.

ತುಂಬಿಸುವಾಗ ಕ್ಯಾನ್ ನೆಲದ ಮೇಲೇ ಇರಬೇಕು. ಗಾಡಿಯ ಹಿಂಬದಿಯಲ್ಲಿ ಬೇಡ, ಡಿಂಗಿಯಲ್ಲಿ ಬೇಡ, ಕೈಯಲ್ಲಿ ಎತ್ತಿ ಹಿಡಿದೂ ಬೇಡ. ಹರಿಯುವ ಪೆಟ್ರೋಲಿನಿಂದ ಸ್ಥಿರ ವಿದ್ಯುತ್ ಹುಟ್ಟುತ್ತದೆ. ಟ್ರಕ್ಕಿನ ಹಿಂದೆ ಹಾಸಿದ ಪ್ಲಾಸ್ಟಿಕ್ ಅಥವಾ ಕಂಬಳಿಯ ಮೇಲೆ ಕ್ಯಾನ್ ಕೂತಿದ್ದರೆ ಆ ವಿದ್ಯುತ್ ನೆಲಕ್ಕೆ ಇಳಿಯುವುದಿಲ್ಲ. ಒಂದು ಕಿಡಿ ಹಾರಿದರೆ ಸಾಕು. ನಳಿಕೆಯ ತುದಿ ಕ್ಯಾನಿನ ಬಾಯಿಗೆ ತಾಗಿಕೊಂಡೇ ಇರಲಿ, ನಿಧಾನವಾಗಿ ತುಂಬಿಸಿ. ಪೆಟ್ರೋಲ್ ಆವಿ ಶೂನ್ಯಕ್ಕಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗೂ ಹೊತ್ತಿಕೊಳ್ಳಬಲ್ಲದು. ಡೀಸೆಲ್‌ಗೆ ಆ ಹೆದರಿಕೆ ಅಷ್ಟಿಲ್ಲ, 50 ಡಿಗ್ರಿ ದಾಟಬೇಕು. ಆದರೂ ಎರಡಕ್ಕೂ ಒಂದೇ ಅಭ್ಯಾಸ ಇಟ್ಟುಕೊಂಡರೆ ತಲೆನೋವಿಲ್ಲ.

ಕಂಠಪೂರ್ತಿ ತುಂಬಬೇಡಿ. ಪೆಟ್ರೋಲ್ ಒಂದೊಂದು ಡಿಗ್ರಿಗೆ ಸಾವಿರಕ್ಕೆ ಸುಮಾರು ಒಂದು ಪಾಲು ಹಿಗ್ಗುತ್ತದೆ. ನೆಲದಡಿಯ ಟ್ಯಾಂಕಿನಿಂದ ತಣ್ಣಗೆ ಬಂದ 20 ಲೀಟರ್, ಡೆಕ್ ಮೇಲೆ 20 ಡಿಗ್ರಿ ಬಿಸಿಯಾದರೆ ಹೆಚ್ಚು ಕಡಿಮೆ 400 ಮಿಲಿ ಜಾಸ್ತಿ ಜಾಗ ಕೇಳುತ್ತದೆ. ಮೇಲೆ ಆವಿಯ ಒತ್ತಡ ಬೇರೆ. ಕ್ಯಾನ್ ಉಬ್ಬಿಕೊಂಡು ಮುಚ್ಚಳ ಸೋರುವುದು ಇದರಿಂದಲೇ.

ಮೀಟರಿನ ವಿಷಯ. ಹೊರಡುವ ಮೊದಲು ನಿಮ್ಮ ಒಂದು ಕ್ಯಾನಿಗೆ ಅಳತೆ ಜಗ್ಗಿನಿಂದ ನೀರು ಹಾಕಿ, 10 ಮತ್ತು 20 ಲೀಟರಿಗೆ ಹೊರಗಿನಿಂದ ಗೆರೆ ಎಳೆದುಕೊಳ್ಳಿ. ಆಮೇಲೆ ಚೆನ್ನಾಗಿ ಒಣಗಿಸಿ. 20ರ ಕ್ಯಾನಿನಲ್ಲಿ ಕಂಠದವರೆಗೆ 20ಕ್ಕಿಂತ ಜಾಸ್ತಿಯೇ ಹಿಡಿಯುತ್ತದೆ. ಅದು ಗೊತ್ತಿಲ್ಲದೆ "22 ಲೀಟರ್ ಹೇಗೆ ಹಿಡಿಸಿತು, ಮೋಸ" ಅಂತ ಜಗಳಕ್ಕೆ ನಿಂತವರನ್ನು ನೋಡಿದ್ದೇನೆ. ಗೆರೆ ಇದ್ದರೆ ಮಾತೇ ಬೇಡ. ಮೀಟರ್ ಸೊನ್ನೆಗೆ ಬಂತಾ ನೋಡಿ, ಗೆರೆ ನೋಡಿ, ರಸೀದಿ ತಗೊಳ್ಳಿ. ರಸೀದಿ ಬಿಸಾಡಬೇಡಿ. ಕೆಲವು ದೇಶಗಳಲ್ಲಿ ತೆರಿಗೆ ಕಡಿಮೆ ಇರುವ ಡೀಸೆಲಿಗೆ ಬಣ್ಣ ಬೆರೆಸಿರುತ್ತಾರೆ, ಅದನ್ನು ವಿಹಾರದ ದೋಣಿ ಬಳಸುವಂತಿಲ್ಲ. ಅಧಿಕಾರಿಗಳು ಕೇಳಿದರೆ ರಸೀದಿಯೇ ಆಧಾರ.

ಕೇಳಿದವರು

ತುಂಬಾ ಉಪಕಾರ ಆಯಿತು. ಟ್ಯಾಕ್ಸಿಯಲ್ಲಿ ತಂದರೆ ಆಗುತ್ತದಾ? ಮತ್ತೆ ಡೀಸೆಲ್ ಒಳ್ಳೆಯದಾ ಕೆಟ್ಟದ್ದಾ ಅಂತ ನೋಡುವುದು ಹೇಗೆ, ಅದನ್ನೂ ಹೇಳಿ.

ಉತ್ತರ 4

ಟ್ಯಾಕ್ಸಿಯವರನ್ನು ಮೊದಲೇ ಕೇಳಿ, ಕ್ಯಾನ್ ತೋರಿಸಿ. ಡೀಸೆಲ್‌ಗೆ ಹೆಚ್ಚಿನವರು ಹೂಂ ಅನ್ನುತ್ತಾರೆ. ಕ್ಯಾನಿನ ಕೆಳಗೆ ಹಾಸಲು ಒಂದು ದಪ್ಪ ಪ್ಲಾಸ್ಟಿಕ್ ಹಾಳೆ ನಿಮ್ಮ ಹತ್ತಿರವೇ ಇರಲಿ. ಡೀಸೆಲ್ ವಾಸನೆ ಸೀಟಿಗೆ ಹತ್ತಿದರೆ ವಾರಗಟ್ಟಲೆ ಹೋಗುವುದಿಲ್ಲ. ಅವರ ಹೊಟ್ಟೆಪಾಡಿನ ಗಾಡಿ ಅದು, ಅಲ್ವಾ? ಪೆಟ್ರೋಲನ್ನು ಮುಚ್ಚಿದ ಕಾರಿನೊಳಗೆ ತರಲೇಬೇಡಿ.

ಇನ್ನು ಡೀಸೆಲ್ ಪರೀಕ್ಷೆ. ನನ್ನ ಕೇಳಿದರೆ ಇಷ್ಟು ಹೊತ್ತು ನಡೆದ ಕ್ಯಾನ್ ಜಗಳಕ್ಕಿಂತ ಇದೇ ಮುಖ್ಯ. ಎಂಜಿನ್ ನಿಲ್ಲುವುದು ಲಂಗರಿನಲ್ಲಿ ಅಲ್ಲ. ಅಲೆಯಲ್ಲಿ ದೋಣಿ ಕುಲುಕಿ, ತಳದಲ್ಲಿ ಕೂತಿದ್ದ ಕಸ, ನೀರು ಎಲ್ಲ ಎದ್ದು ಫಿಲ್ಟರಿಗೆ ಬಂದಾಗ. ಪಂಪಿನಿಂದ ನೇರ ಟ್ಯಾಂಕಿಗೆ ಹಾಕಿಸಿದರೆ ನೋಡುವ ಅವಕಾಶವೇ ಇಲ್ಲ. ಕ್ಯಾನಿನವರಿಗೆ ಆ ಅವಕಾಶ ಇದೆ.

ಒಂದು ಅಗಲ ಬಾಯಿಯ ಗಾಜಿನ ಬಾಟಲಿ ಇಟ್ಟುಕೊಳ್ಳಿ. ಬಂಕಿನಲ್ಲಿ ಮೊದಲ ಕ್ಯಾನ್ ತುಂಬಿದ ಕೂಡಲೇ ಅದರಿಂದ ಅರ್ಧ ಬಾಟಲಿ ಬಗ್ಗಿಸಿ, ಬೆಳಕಿಗೆ ಹಿಡಿಯಿರಿ. ಒಳ್ಳೆಯ ಡೀಸೆಲ್ ತಿಳಿಯಾಗಿ ಹೊಳೆಯುತ್ತದೆ, ಬಾಟಲಿಯ ಆಚೆ ಇಟ್ಟ ಅಕ್ಷರ ಓದಬಹುದು. ಮಂಜು ಮಂಜಾಗಿದ್ದರೆ ನೀರು ಬೆರೆತಿರಬಹುದು. ಬಾಟಲಿಯನ್ನು ಗರಗರ ತಿರುಗಿಸಿ ನಿಲ್ಲಿಸಿ. ಕಸ ಇದ್ದರೆ ತಳದಲ್ಲಿ ನಡುವಿಗೆ ಬಂದು ಗುಡ್ಡೆಯಾಗುತ್ತದೆ. ಅನುಮಾನ ಉಳಿದರೆ, ಅಡುಗೆಗೆ ಬಳಸುವ ನೀರಿನಲ್ಲಿ ಕರಗುವ ಬಣ್ಣ ಒಂದು ಹನಿ ಬಿಡಿ. ಡೀಸೆಲಿನಲ್ಲಿ ಅದು ಕರಗುವುದಿಲ್ಲ, ಮಣಿಯಂತೆ ಹಾಗೇ ಕೆಳಗಿಳಿಯುತ್ತದೆ. ತಳದಲ್ಲಿ ನೀರಿದ್ದರೆ ಅಲ್ಲಿಗೆ ಮುಟ್ಟಿದ ತಕ್ಷಣ ಹರಡಿ ಆ ನೀರಿಗಷ್ಟೇ ಬಣ್ಣ ಬರುತ್ತದೆ. ಹಾಗೆ ಕಂಡರೆ ಒಂದೇ ಕ್ಯಾನಿಗೆ ನಿಲ್ಲಿಸಿ, ಬೇರೆ ಬಂಕ್ ಹುಡುಕಿ.

ದೋಣಿಗೆ ತಂದ ಮೇಲೂ ಆತುರ ಬೇಡ. ಕ್ಯಾನುಗಳನ್ನು ಒಂದು ರಾತ್ರಿ ಅಲ್ಲಾಡದಂತೆ ಇಡಿ. ನೀರು ಡೀಸೆಲಿಗಿಂತ ಭಾರ, ತಳಕ್ಕೆ ಹೋಗುತ್ತದೆ. ಬೆಳಿಗ್ಗೆ ಬಗ್ಗಿಸಿ ಸುರಿಯುವ ಬದಲು ಸೈಫನ್ ಪೈಪ್ ಬಳಸಿ. ತುದಿಯಲ್ಲಿ ಹಿತ್ತಾಳೆ ಕವಾಟ, ಒಳಗೊಂದು ಗುಂಡು ಇರುವ ಪೈಪ್ ಸಿಗುತ್ತದೆ. ನಾಲ್ಕು ಸಲ ಮೇಲೆ ಕೆಳಗೆ ಆಡಿಸಿದರೆ ತಾನೇ ಹರಿಯುತ್ತದೆ, ಬಾಯಿಂದ ಎಳೆಯುವ ಅಸಹ್ಯ ಇಲ್ಲ. ಕ್ಯಾನ್ ಮಾತ್ರ ಟ್ಯಾಂಕಿನ ಬಾಯಿಗಿಂತ ಎತ್ತರದಲ್ಲಿ ಇರಬೇಕು. ಪೈಪನ್ನು ಒಂದು ಕಡ್ಡಿಗೆ ಕಟ್ಟಿ, ತುದಿ ತಳದಿಂದ ಎರಡು ಬೆರಳು ಮೇಲೆ ನಿಲ್ಲುವಂತೆ ಮಾಡಿ. ಕೊನೆಗೆ ಉಳಿಯುವ ಅರ್ಧ ಲೀಟರನ್ನು ಬಾಟಲಿಗೆ ಸುರಿದು ನೋಡಿ, ಚೆನ್ನಾಗಿದ್ದರೆ ಹಾಕಿ.

ಟ್ಯಾಂಕಿನ ಬಾಯಲ್ಲಿ ನೀರು ತಡೆಯುವ ಜರಡಿ ಇರುವ ಆಲಿಕೆ ಇಡಿ. ಡೀಸೆಲ್ ಇಳಿಯುತ್ತದೆ, ನೀರು ಆಲಿಕೆಯ ತಳದ ಗುಂಡಿಯಲ್ಲೇ ಉಳಿಯುತ್ತದೆ. ಆದರೆ ಪೂರ್ತಿ ಬೆರೆತುಹೋದ ನೀರನ್ನು ಅದು ತಡೆಯುವುದಿಲ್ಲ. ಅದಕ್ಕೇ ಆ ಒಂದು ರಾತ್ರಿ. ನೀರು ಉಳಿದರೆ ನೀರು ಮತ್ತು ಡೀಸೆಲ್ ಸೇರುವ ಗಡಿಯಲ್ಲಿ ಸೂಕ್ಷ್ಮಾಣು ಬೆಳೆದು ಕಪ್ಪು ಲೋಳೆಯಾಗುತ್ತದೆ. ಅದಕ್ಕೆ ಔಷಧಿ ಸಿಗುತ್ತದೆ ನಿಜ, ಆದರೆ ನೀರು ತೆಗೆಯದೆ ಔಷಧಿ ಹಾಕುವುದು ಸುಮ್ನೆ ದುಡ್ಡು ದಂಡ.

ಉತ್ತರ 5

ಮೇಲಿನದಕ್ಕೆ ಎರಡು ಮಾತು ಸೇರಿಸುತ್ತೇನೆ. ಅಮೆರಿಕದಲ್ಲಿ ಡೀಸೆಲಿನ ಗಂಧಕ ಹತ್ತು ಲಕ್ಷಕ್ಕೆ 15 ಪಾಲು ಮೀರುವಂತಿಲ್ಲ, ಯುರೋಪಿನಲ್ಲಿ 10. ಎಲ್ಲ ದೇಶದಲ್ಲೂ ಅಷ್ಟು ಕಡಿಮೆ ಇರುವುದಿಲ್ಲ. ಹಳೇ ಎಂಜಿನ್ ತಡೆದುಕೊಳ್ಳುತ್ತದೆ, ಎಂಜಿನ್ ಆಯಿಲ್ ಮಾತ್ರ ಬೇಗ ಬದಲಿಸಿ. ಹೊಸ ಎಂಜಿನ್ ಆದರೆ ಕೈಪಿಡಿ ನೋಡಿ ಮುಂದುವರಿಯಿರಿ.

ಪೆಟ್ರೋಲಿನಲ್ಲಿ ಎಥನಾಲ್ ಬೆರೆಸಿದ್ದರೆ ಅದು ತೇವ ಹೀರುತ್ತದೆ. ಜಾಸ್ತಿ ಹೀರಿದರೆ ನೀರು, ಎಥನಾಲ್ ಸೇರಿ ತಳಕ್ಕೆ ಬೇರೆಯಾಗುತ್ತದೆ, ಔಟ್‌ಬೋರ್ಡ್ ಮುನಿಸಿಕೊಳ್ಳುತ್ತದೆ. ಹಾಗಾಗಿ ಪೆಟ್ರೋಲ್ ಕಡಿಮೆ ತನ್ನಿ, ಬೇಗ ಮುಗಿಸಿ. ನಿಮ್ಮದು ಟೂ ಸ್ಟ್ರೋಕ್ (ಪೆಟ್ರೋಲಿಗೇ ಆಯಿಲ್ ಬೆರೆಸುವ ಎಂಜಿನ್) ಆಗಿದ್ದು 50ಕ್ಕೆ 1 ಅಳತೆಯಾದರೆ 10 ಲೀಟರಿಗೆ 200 ಮಿಲಿ ಆಯಿಲ್. ಬೆರೆಸಿದ ಕ್ಯಾನ್ ಮೇಲೆ "ಆಯಿಲ್ ಹಾಕಿದೆ" ಅಂತ ಬರೆಯಿರಿ, ಇಲ್ಲದಿದ್ದರೆ ಇಬ್ಬರೂ ಒಂದೊಂದು ಸಲ ಹಾಕಿರುತ್ತೀರಿ.

ಉತ್ತರ 6

ಎಲ್ಲಿ ಇಡುವುದು ಅನ್ನುವ ಪ್ರಶ್ನೆ ಹಾಗೇ ಉಳಿದಿದೆ. ಡೆಕ್ ಅಂಚಿನ ಕಂಬಿಗಳಿಗೆ ಹಲಗೆ ಕಟ್ಟಿ, ಅದಕ್ಕೆ ಕ್ಯಾನುಗಳನ್ನು ಸಾಲಾಗಿ ಬಿಗಿಯುವುದು ಎಲ್ಲ ಕಡೆ ಕಾಣುತ್ತದೆ. ನನಗೆ ಅದು ಹಿಡಿಸುವುದಿಲ್ಲ. ದೊಡ್ಡ ಅಲೆ ಹಲಗೆಗೆ ಹೊಡೆದರೆ ಕಂಬಿಯ ಬುಡವೇ ಸಡಿಲವಾಗುತ್ತದೆ. ರಾತ್ರಿ ಮುಂದಕ್ಕೆ ಹೋಗುವಾಗ ಕಾಲಿಗೆ ಅಡ್ಡ. ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗುತ್ತದೆ, ಕ್ಯಾನ್‌ವಾಸ್ ಹೊದಿಕೆ ಹಾಕಿದರೆ ಸ್ವಲ್ಪ ಬಾಳಿಕೆ ಬರುತ್ತದೆ. ತೀರದ ಹತ್ತಿರ ಓಡಾಡುವಾಗ ಪರವಾಗಿಲ್ಲ. ಕಡಲು ದಾಟುವಾಗ ಡೀಸೆಲ್ ಕ್ಯಾನುಗಳನ್ನು ಕಾಕ್‌ಪಿಟ್ (ದೋಣಿ ನಡೆಸುವವರು ಕೂರುವ ತಗ್ಗು ಜಾಗ) ಲಾಕರಿಗೆ ಇಳಿಸಿ, ಹವಾಮಾನ ಶಾಂತವಾಗಿದ್ದ ಮೊದಲ ದಿನವೇ ಟ್ಯಾಂಕಿಗೆ ಸುರಿದುಬಿಡಿ.

ಪೆಟ್ರೋಲ್ ಮಾತ್ರ ಒಳಗೆ ಬೇಡವೇ ಬೇಡ. ಅದರ ಆವಿ ಗಾಳಿಗಿಂತ ಭಾರ. ಸೋರಿದರೆ ದೋಣಿಯ ತಳಕ್ಕೆ ಇಳಿದು ಕೂರುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲು ಸೇರಿದರೂ ಸಿಡಿಯುತ್ತದೆ. ಹಿಂಬದಿಯ ಕಂಬಿಗೆ, ಕಿಟಕಿ, ಒಲೆ ಯಾವುದೂ ಹತ್ತಿರ ಇಲ್ಲದ ಕಡೆ ಬಿಗಿಯಿರಿ.

ಡಿಂಗಿಯಲ್ಲಿ ತರುವಾಗ ಕ್ಯಾನುಗಳು ನಡುವೆ, ತಳದಲ್ಲಿ, ಹಗ್ಗ ಕಟ್ಟಿ ಇರಲಿ. ಡೀಸೆಲ್ ನೀರಿಗಿಂತ ಹಗುರ. ಮುಚ್ಚಳ ಬಿಗಿಯಾಗಿದ್ದರೆ ಪ್ಲಾಸ್ಟಿಕ್ ಕ್ಯಾನ್ ಬಿದ್ದರೂ ತೇಲುತ್ತದೆ, ಆದರೆ ಪ್ರವಾಹದಲ್ಲಿ ಅದರ ಹಿಂದೆ ಯಾರು ಹೋಗುತ್ತಾರೆ?

ಟ್ಯಾಂಕಿಗೆ ಹಾಕುವಾಗ ಡೆಕ್ ಮೇಲೆ ಒಂದೇ ಮುಚ್ಚಳ ತೆರೆದಿರಬೇಕು. ಕುಡಿಯುವ ನೀರಿನದೂ ಡೀಸೆಲಿನದೂ ಎಷ್ಟೋ ದೋಣಿಗಳಲ್ಲಿ ಒಂದೇ ಥರ ಕಾಣುತ್ತವೆ. ಒಬ್ಬರು ಸುರಿಯಲಿ, ಒಬ್ಬರು ಗಾಳಿ ಕೊಳವೆಯ ಬಾಯಿಗೆ ಬಟ್ಟೆ ಹಿಡಿದು ಕೂರಲಿ. ಟ್ಯಾಂಕ್ ತುಂಬುತ್ತಾ ಬಂದಾಗ ಮೊದಲು ಉಗುಳುವುದು ಅಲ್ಲಿಂದಲೇ. ನೀರಿಗೆ ಬಿದ್ದರೆ ಪಾತ್ರೆ ತೊಳೆಯುವ ಸೋಪು ಹಾಕಿ ಮರೆಮಾಡಬೇಡಿ. ಎಣ್ಣೆ ಎಲ್ಲೂ ಹೋಗಿರುವುದಿಲ್ಲ, ಕೆಳಗಿಳಿದಿರುತ್ತದೆ ಅಷ್ಟೇ. ಅಮೆರಿಕದಂಥ ಕಡೆ ಅದಕ್ಕೆ ದಂಡವೂ ಇದೆ. ಎಣ್ಣೆ ಹೀರುವ ಹಾಳೆ ಸಿಗುತ್ತದೆ, ನಾಲ್ಕು ಹಾಳೆ ಕೈಗೆ ಸಿಗುವಂತೆ ಇಡಿ.

ಕೇಳಿದವರು

ಹಾಗಾದರೆ ಡೀಸೆಲಿಗೆ 20 ಲೀಟರಿನ ಎರಡು, 10ರ ನಾಲ್ಕು, ಪೆಟ್ರೋಲಿಗೆ 10ರ ಒಂದು ಅಂತ ಮಾಡಿದ್ದೇವೆ. ಕೈಗಾಡಿ, ಸೈಫನ್, ಆಲಿಕೆಯೂ ಪಟ್ಟಿಗೆ ಸೇರಿತು. ಇನ್ನೇನಾದರೂ ಬಿಟ್ಟುಹೋಗಿದೆಯಾ?

ಉತ್ತರ 1

ಸಾಕು ಸರ್. ಎಲ್ಲ ಒಂದೇ ಕಂಪನಿಯ ಕ್ಯಾನ್ ತಗೊಳ್ಳಿ, ಆಗ ಮುಚ್ಚಳ ಅದಲು ಬದಲಾದರೂ ಕೂರುತ್ತದೆ. ಎರಡು ಮುಚ್ಚಳ, ಒಂದಷ್ಟು ವಾಷರ್ ಹೆಚ್ಚಿಗೆ ಕೊಂಡು ಆಲಿಕೆಯ ಜೊತೆಗೇ ಕಟ್ಟಿಡಿ.