ಪದಚರ್ಚೆ: ಅರಕ್ನಾಯ್ಡ್ ಸಿಸ್ಟ್‌ಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೆ,

ನರಶಸ್ತ್ರಚಿಕಿತ್ಸೆಯ ಹೊರರೋಗಿ ವಿಭಾಗದಲ್ಲಿ ಹಂಚುವ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅದು ಅಚ್ಚಿಗೆ ಹೋಗಬೇಕು. ಮೆದುಳನ್ನೂ ಬೆನ್ನುಹುರಿಯನ್ನೂ ಸುತ್ತಿರುವ ಮೂರು ಪೊರೆಗಳಲ್ಲಿ ನಡುವಿನದಾದ ಅರಕ್ನಾಯ್ಡ್‌ನಲ್ಲಿ ಉಂಟಾಗುವ ಸಿಸ್ಟ್‌ಗೆ ಹಳೆಯ ಕರಡಿನಲ್ಲಿ ‘ಮೆದುಳಿನ ಗಡ್ಡೆ’ ಎಂದಿದೆ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಇದಕ್ಕೂ, ಚಿಕಿತ್ಸೆಯ ಭಾಗದಲ್ಲಿ ಬರುವ ಫೆನೆಸ್ಟ್ರೇಷನ್, ಷಂಟ್ ಎಂಬ ಪದಗಳಿಗೂ ತಕ್ಕ ಕನ್ನಡವನ್ನು ಸೂಚಿಸಿದರೆ ಉಪಕಾರವಾದೀತು.

*

ಗಡ್ಡೆಯನ್ನು ಹೊಡೆದುಹಾಕಿ ‘ಜೇಡಗುಳ್ಳೆ’ ಎಂದು ಬರೆಯಿರಿ. ಆ ಪೊರೆಯಿಂದ ಒಳಪೊರೆಗೆ ಹಾಯುವ ನವಿರಾದ ಎಳೆಗಳು ಜೇಡರ ಬಲೆಯಂತೆ ಕಾಣುವುದರಿಂದಲೇ ಅದಕ್ಕೆ ಗ್ರೀಕಿನ ಜೇಡದ ಹೆಸರು ಬಂದಿದೆ. ಗ್ರೀಕ್ ಪುರಾಣದ ಅರಾಕ್ನೆ ಮೊದಲು ನೇಯ್ಗೆಯವಳು, ಆಮೇಲೆ ಜೇಡ. ಕನ್ನಡದ ಜೇಡನೂ ನೇಕಾರನೇ ಎಂಬುದಕ್ಕೆ ಜೇಡರ ದಾಸಿಮಯ್ಯನ ಹೆಸರು ಸಾಕ್ಷಿ. ಎರಡು ನುಡಿಗಳು ತಾವಾಗಿಯೇ ಒಂದು ಹಾದಿ ಹಿಡಿದಿರುವಾಗ ‘ಲೂತಾಜಾಲಿಕಾ ಕೋಶ’ದಂತಹ ಸಂಸ್ಕೃತದ ಹೊರೆಯಾಗಲಿ, ಇಂಗ್ಲಿಷಿನ ಸಿಸ್ಟ್ ಆಗಲಿ ಯಾರಿಗೆ ಬೇಕು? ಫೆನೆಸ್ಟ್ರೇಷನ್‌ಗೆ ‘ಕಿಂಡಿ ತೆರೆಯುವುದು’, ಷಂಟ್‌ಗೆ ‘ತೂಬು’. ಇದರಲ್ಲಿ ಚರ್ಚಿಸುವುದಕ್ಕೆ ಏನೂ ಇಲ್ಲ.

*

ಚರ್ಚಿಸುವುದಕ್ಕೆ ಬೇಕಾದಷ್ಟಿದೆ. ಮೈಮೇಲೆ ಗುಳ್ಳೆ ಎದ್ದರೆ ಜೇಡ ಹರಿದಿದೆ ಎನ್ನುವ ಹಿರಿಯರು ಇಂದಿಗೂ ಇರುವಾಗ, ‘ಜೇಡಗುಳ್ಳೆ’ ಎಂದು ಓದಿದ ತಾಯಿ ಮಗುವಿನ ಚರ್ಮವನ್ನು ತಡವಿ ನೋಡಿಯಾಳು. ವ್ಯುತ್ಪತ್ತಿ ಸೊಗಸಾಗಿದೆ ಎಂಬ ಕಾರಣಕ್ಕೆ ಪದವನ್ನು ರೋಗಿಯ ಕೈಗೆ ಕೊಡಲಾಗದು.

‘ಗಡ್ಡೆ’ ಕೂಡದೆಂಬುದನ್ನು ಮಾತ್ರ ನಾನೂ ಒಪ್ಪುತ್ತೇನೆ. ಗಡ್ಡೆ ಎಂದೊಡನೆ ನಮ್ಮವರಿಗೆ ಕೇಳಿಸುವುದು ಕ್ಯಾನ್ಸರ್. ಇಲ್ಲಿ ಜೀವಕೋಶಗಳು ಮಿತಿಮೀರಿ ಬೆಳೆದಿರುವುದಿಲ್ಲ. ಹೆಚ್ಚಿನವರಲ್ಲಿ ಮಗು ಗರ್ಭದಲ್ಲಿರುವಾಗಲೇ ಅರಕ್ನಾಯ್ಡ್ ಪೊರೆ ಎರಡು ಪದರವಾಗಿ ಬೇರ್ಪಟ್ಟು, ಆ ಪದರಗಳ ನಡುವೆ ಮೆದುಳಿನ ಸುತ್ತಲೂ ಹರಿಯುವಂತಹದೇ ತಿಳಿದ್ರವ ನಿಂತಿರುತ್ತದೆ. ಪೆಟ್ಟು, ರಕ್ತಸ್ರಾವ, ಪೊರೆಗಳ ಸೋಂಕು ಇವುಗಳಿಂದ ಆಮೇಲೆ ಆಗುವುದೂ ಉಂಟು. ಎಂಆರ್‌ಐ ಮಾಡಿಸಿಕೊಂಡ ವಯಸ್ಕರಲ್ಲಿ ನೂರಕ್ಕೆ ಒಬ್ಬರಿಬ್ಬರಲ್ಲಿ ಇದು ಕಾಣಸಿಗುತ್ತದೆ, ಅವರಲ್ಲಿ ಬಹುಪಾಲು ಮಂದಿಗೆ ಇದರಿಂದ ಯಾವ ತೊಂದರೆಯೂ ಇರುವುದಿಲ್ಲ. ಆದ್ದರಿಂದ ನನ್ನ ಸೂಚನೆ ‘ಅರಕ್ನಾಯ್ಡ್ ಪೊರೆಯ ದ್ರವಚೀಲ’. ಕೋಶವೆಂದರೆ ಜೀವಕೋಶದೊಡನೆ ಗೊಂದಲವಾಗುತ್ತದೆ. ಚೀಲವೆಂಬುದು ಮೂಲಕ್ಕೂ ದೂರವಲ್ಲ, ಗ್ರೀಕಿನ ಕಿಸ್ಟಿಸ್ ಎಂಬುದಕ್ಕೂ ಅದೇ ಅರ್ಥ.

‘ದ್ರವ’ ಎಂಬುದನ್ನು ಬಿಡಬೇಡಿ, ಏಕೆಂದರೆ ರೋಗನಿರ್ಣಯ ನಿಂತಿರುವುದೇ ಅದರ ಮೇಲೆ. ಎಂಆರ್‌ಐಯ ಎಲ್ಲ ಬಗೆಯ ಚಿತ್ರಗಳಲ್ಲಿಯೂ ಈ ಚೀಲದ ಒಳಗು ಮೆದುಳಿನ ತಿಳಿದ್ರವದಂತೆಯೇ ಕಾಣುತ್ತದೆ: ಫ್ಲೇರ್ ಚಿತ್ರದಲ್ಲಿ ಎರಡೂ ಕಪ್ಪು. ಇದನ್ನೇ ಹೋಲುವ ಎಪಿಡರ್ಮಾಯ್ಡ್ ಎಂಬ ಬೇರೊಂದು ಬಗೆಯ ಸಿಸ್ಟ್ ಆಗಿದ್ದರೆ ಡಿಫ್ಯೂಷನ್ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ವೈದ್ಯರು ಪರದೆಯ ಮೇಲೆ ಬೆರಳಿಟ್ಟು ತೋರಿಸುವುದು ಇದನ್ನೇ ಆದ್ದರಿಂದ ಕೈಪಿಡಿಯ ಪದವೂ ಅದಕ್ಕೆ ಹೊಂದಬೇಕು.

ಬೆನ್ನಿನ ಅಧ್ಯಾಯದಲ್ಲಿ ಬೆನ್ನುಮೂಳೆ, ಬೆನ್ನುಹುರಿ ಎಂಬ ಎರಡು ಪದಗಳು ಅದಲುಬದಲಾಗದಂತೆ ನೋಡಿಕೊಳ್ಳಿ. ಚೀಲವಿರುವುದು ಹುರಿಯ ಹೊದಿಕೆಗಳಲ್ಲಿ, ಹೆಚ್ಚಾಗಿ ಎದೆಯ ಮಟ್ಟದಲ್ಲಿ ಹುರಿಯ ಹಿಂಬದಿಗೆ. ಅದು ಹುರಿಯನ್ನು ಒತ್ತಿದಾಗ ಕಾಲಿನ ಬಲ ಕುಂದುತ್ತದೆ, ನಡಿಗೆ ತಪ್ಪುತ್ತದೆ, ಮೂತ್ರದ ಹಿಡಿತ ಸಡಿಲಾಗುತ್ತದೆ. ಚೀಲವು ಹೊರಗಿನ ಗಟ್ಟಿಪೊರೆಯಾದ ಡ್ಯೂರಾದ ಆಚೆಗಿದ್ದರೆ, ಅದನ್ನು ತೆಗೆಯುವುದರ ಜೊತೆಗೆ ಡ್ಯೂರಾದಲ್ಲಿರುವ ತೂತನ್ನೂ ಮುಚ್ಚುತ್ತಾರೆ. ಇಲ್ಲದಿದ್ದರೆ ದ್ರವ ಮತ್ತೆ ಬಂದು ತುಂಬಿಕೊಳ್ಳಬಹುದು.

‘ಕಿಂಡಿ’ ಒಳ್ಳೆಯ ಪದ. ಕನಕನ ಕಿಂಡಿಯನ್ನು ಬಲ್ಲ ನಾಡಿಗೆ ಅದನ್ನು ವಿವರಿಸಬೇಕಾಗಿಲ್ಲ. ಆದರೆ ಬರಿದೇ ಕಿಂಡಿ ಎಂದರೆ ತಲೆಬುರುಡೆಗೆ ತೂತು ಕೊರೆಯುವುದಷ್ಟೇ ಎಂದುಕೊಂಡಾರು. ‘ಚೀಲದ ಗೋಡೆಯಲ್ಲಿ ಕಿಂಡಿ ತೆರೆದು, ಅಲ್ಲಿನ ದ್ರವ ಮೆದುಳಿನ ಸಹಜ ದ್ರವದೊಡನೆ ಬೆರೆಯುವಂತೆ ಮಾಡುವುದು’ ಎಂದು ಪೂರ್ತಿಯಾಗಿ ಬರೆಯಿರಿ. ಬುರುಡೆಯನ್ನು ತೆರೆದು ಮಾಡಿದರೂ ಎಂಡೋಸ್ಕೋಪ್ ತೂರಿಸಿ ಮಾಡಿದರೂ ಉದ್ದೇಶ ಅದೇ.

‘ತೂಬು’ ಬೇಡವೇ ಬೇಡ. ಷಂಟ್ ಎಂದರೆ ಚೀಲದಿಂದ ಹೊರಟು ಚರ್ಮದಡಿಯಲ್ಲಿಯೇ ಸಾಗಿ ಹೊಟ್ಟೆಯೊಳಗೆ ತೆರೆದುಕೊಳ್ಳುವ ತೆಳುವಾದ ಕೊಳವೆ. ಅನೇಕರಲ್ಲಿ ಅದು ಬಾಳಿನುದ್ದಕ್ಕೂ ಉಳಿಯುತ್ತದೆ, ಕಟ್ಟಿಕೊಳ್ಳಲೂಬಹುದು, ಸೋಂಕು ತಗಲಲೂಬಹುದು. ನಡುರಾತ್ರಿ ಪರವೂರಿನಲ್ಲಿ ತಲೆನೋವು, ವಾಂತಿ ಶುರುವಾಗಿ ತುರ್ತು ಚಿಕಿತ್ಸಾ ಘಟಕಕ್ಕೆ ಓಡಿದವರು ‘ಷಂಟ್ ಹಾಕಿದ್ದಾರೆ’ ಎನ್ನಬೇಕೇ, ‘ತೂಬು ಇಟ್ಟಿದ್ದಾರೆ’ ಎನ್ನಬೇಕೇ?

ಕೇಳದಿದ್ದರೂ ಇನ್ನೊಂದು ಮಾತು. ತೊಂದರೆ ಕೊಡದ ಚೀಲವನ್ನು ‘ಹಾಗೆಯೇ ಬಿಡಲಾಗುತ್ತದೆ’ ಎಂದು ಬರೆದರೆ ಆಸ್ಪತ್ರೆಯವರು ಕೈಬಿಟ್ಟರೆಂಬ ಭಾವ ಬರುತ್ತದೆ. ‘ನಿಗಾದಲ್ಲಿಡಲಾಗುತ್ತದೆ’ ಎನ್ನಿ.

*

ಡ್ಯೂರಾ ಎಂದು ಲೀಲಾಜಾಲವಾಗಿ ಬರೆದಿರಲ್ಲ, ಅದರ ಕಥೆ ಗೊತ್ತೇ? ‘ಡ್ಯೂರಾ ಮೇಟರ್’ ಎಂಬುದರಲ್ಲಿರುವ ತಾಯಿ ಅರಬ್ಬಿಯವಳು. ಅರಬ್ಬಿಯ ವೈದ್ಯಗ್ರಂಥಗಳು ಆ ಪೊರೆಯನ್ನು ಮೆದುಳಿನ ತಾಯಿ ಎಂದು ಕರೆದಿದ್ದವು. 12ನೆಯ ಶತಮಾನದಲ್ಲಿ ಆಂಟಿಯಾಕ್‌ನ ಸ್ಟೀಫನ್ ಅದನ್ನು ಲ್ಯಾಟಿನ್‌ಗೆ ತರುವಾಗ ಅರಬ್ಬಿಯ ಪದವನ್ನು ಉಳಿಸಿಕೊಳ್ಳದೆ ತನ್ನ ನುಡಿಯಲ್ಲಿಯೇ ತಾಯಿ ಎಂದ. ಪಶ್ಚಿಮದವರು ಹಾಗೆ ತಮ್ಮದಾಗಿಸಿಕೊಂಡ ಪದವನ್ನು ನಾವು ಲಿಪಿ ಬದಲಿಸಿ ಇಟ್ಟುಕೊಂಡರೆ ಅದನ್ನು ಕನ್ನಡವೆಂದು ನಾನು ಒಪ್ಪಲಾರೆ.

*

ಸ್ಟೀಫನ್ ಬರೆದದ್ದು ಪಂಡಿತರಿಗಾಗಿ. ಈ ಕೈಪಿಡಿಯನ್ನು ಓದುವವರ ಕೈಯಲ್ಲಿ ಅರಕ್ನಾಯ್ಡ್ ಎಂದು ಬರೆದ ಸ್ಕ್ಯಾನ್ ವರದಿ ಇರುತ್ತದೆ, ಎರಡರಲ್ಲಿಯೂ ಒಂದೇ ಪದವಿರಬೇಕು. ಸಾಲ ತಂದ ಪದಗಳ ಬಗ್ಗೆ ಜಗಳವಾಡಬೇಕೆಂದರೆ ಬೇರೆ ಎಳೆ ತೆರೆಯಿರಿ.

*

ಇಬ್ಬರಿಗೂ ವಂದನೆಗಳು. ‘ಅರಕ್ನಾಯ್ಡ್ ಪೊರೆಯ ದ್ರವಚೀಲ’, ‘ಕಿಂಡಿ’, ‘ಷಂಟ್’, ‘ನಿಗಾ’ ಇಷ್ಟನ್ನೂ ಕರಡಿಗೆ ಸೇರಿಸಿದ್ದೇನೆ. ಮೊದಲ ಬಾರಿ ಬಂದಲ್ಲಿ ಮಾತ್ರ ‘ಜೇಡರ ಬಲೆಯಂತಿರುವ ನಡುವಿನ ಪೊರೆ’ ಎಂಬ ವಿವರಣೆ ಇರುತ್ತದೆ.