ಮಡಚೋ ಚಾಕು ಮನೇಲೇ ಬಿಚ್ಚಿ ಜೋಡಿಸಿದವರು ಅನುಭವ ಹೇಳಿ

ಸರಸ್ವತಿಪುರಂ: ಲೈನರ್ ಲಾಕ್ ಚಾಕು (ತೆರೆದ ಅಲಗನ್ನ ಹಿಡಿಯೊಳಗಿನ ಲೋಹದ ಪಟ್ಟಿ ತಡೆದು ಹಿಡಿಯೋ ಥರದ್ದು), ಮೂರು ಇಂಚಿನ ಅಲಗು, ನೈಲಾನ್ ಹಿಡಿ. ಹಲಸಿನ ಹಣ್ಣು ಬಿಡಿಸಿದ ಮೇಲೆ ಮೇಣ ಒಳಗೆ ಸೇರಿ ಅಲಗು ಅರ್ಧಕ್ಕೇ ನಿಲ್ತಿದೆ. ಪೂರ್ತಿ ತೆರೆದಾಗ ಅಕ್ಕಪಕ್ಕ ಸ್ವಲ್ಪ ಅಲ್ಲಾಡತ್ತೆ ಕೂಡ. ಮನೇಲೇ ಬಿಚ್ಚಬಹುದಾ? ಮಾಡಿದವರು ಹೇಳಿ.

ಕೆ.ಜಿ. ಕೊಪ್ಪಲು: ಮೊದಲು ಬಿಟ್‌ಗೆ, ಅಂದ್ರೆ ಸ್ಕ್ರೂಡ್ರೈವರ್ ತುದಿಗೆ, ದುಡ್ಡು ಹಾಕಿ. ನನ್ನ ಖರ್ಚೆಲ್ಲ ಆಗಿದ್ದು ಅಲ್ಲೇ. 120 ರೂಪಾಯಿಯ ಮೊಬೈಲ್ ರಿಪೇರಿ ಸೆಟ್ಟಿನ ಟಿ6 (ನಕ್ಷತ್ರದಾಕಾರದ ಟಾರ್ಕ್ಸ್ ಬಿಟ್‌ನ ಒಂದು ಅಳತೆ) ತುದಿ ಮೆತ್ತಗಿನ ಉಕ್ಕು. ತಾನೂ ತಿರುಚಿಕೊಳ್ತು, ಸ್ಕ್ರೂ ತಲೆಯನ್ನೂ ಸವೆಸಿತು. ಆ ಒಂದು ಸ್ಕ್ರೂ ತೆಗೆಸೋಕೆ ಲೇತ್ ಅಂಗಡಿಗೆ 300, ಬದಲಿ ಸ್ಕ್ರೂ ತರಿಸೋಕೆ ಕೊರಿಯರ್ ಸೇರಿ 260, ಆಮೇಲೆ ಗಟ್ಟಿ ಬಿಟ್ ಮೂರಕ್ಕೆ 480. ಟಿ6, ಟಿ8, ಟಿ10 ಇಷ್ಟಿದ್ರೆ ಬಹುತೇಕ ಚಾಕು ಬಿಚ್ಚಬಹುದು. ಅಲಗು ತಿರುಗೋ ಕೀಲು, ಅಂದ್ರೆ ಪಿವಟ್‌ಗೆ ಸಾಮಾನ್ಯವಾಗಿ ಟಿ8 ಇಲ್ಲ ಟಿ10, ಹಿಡಿ ಸೇರಿಸೋ ಮೈ ಸ್ಕ್ರೂಗಳಿಗೆ ಟಿ6.

ಸ್ಕ್ರೂ ಗುಳಿಯಲ್ಲಿ ಕೊಳೆ ಇದ್ರೆ ಬಿಟ್ ತಳ ಮುಟ್ಟಲ್ಲ, ಮೇಲಂಚಲ್ಲೇ ನಿಂತು ತಲೆ ಹರೀತದೆ. ಸೂಜಿ ಮೊನೆಯಲ್ಲಿ ಕೆರೆದು ತೆಗೀರಿ. ಸ್ಕ್ರೂ ಅಲುಗದಿದ್ರೆ ಬಲ ಹಾಕಬೇಡಿ, ಸೋಲ್ಡರಿಂಗ್ ಐರನ್ ತುದೀನ ಸ್ಕ್ರೂ ತಲೆ ಮೇಲೆ ಅರ್ಧ ನಿಮಿಷ ಇಡಿ. ಸ್ಕ್ರೂ ಸಡಿಲಾಗದ ಹಾಗೆ ಒಳಗೆ ಹಚ್ಚಿರೋ ಅಂಟು ಮೆತ್ತಗಾದಾಗ ಬಿಟ್ ನೇರವಾಗಿ ಒತ್ತಿ ತಿರುಗಿಸಿ. ಮೈ ಸ್ಕ್ರೂಗಳು ಬಿಗಿಯಾಗಿರುವಾಗಲೇ ಪಿವಟ್ ಸಡಿಲಿಸಬೇಕು. ಮೈ ಸಡಿಲಾದ ಮೇಲೆ ಹೊರಟ್ರೆ ಇಡೀ ಪಿವಟ್ ಸುತ್ತತ್ತೆ, ಸ್ಕ್ರೂ ಬಿಚ್ಚಲ್ಲ.

ಮದ್ದೂರು ಗದ್ದೆ: ಬಿಚ್ಚೋದೇ ಬ್ಯಾಡ ಕನಣ್ಣ. ಹಲಸಿನ ಮೇಣಕ್ಕೆ ನೀರು ಏನೂ ಮಾಡಕಿಲ್ಲ, ಎಣ್ಣೇಲೇ ಕರಗಬೇಕು. ಅಲಗು ಅರ್ಧ ತೆಗೆದು ಪಿವಟ್ ಎರಡೂ ಕಡೆ ಕೊಬ್ರಿ ಎಣ್ಣೆ ನಾಕು ಹನಿ ಬುಟ್ಟು ಬಿಸಿಲಲ್ಲಿ ಮಡಗಿ. ಗಂಟೆ ಬುಟ್ಟು ತೆಗೆದು ಮಡಚಿ ಮಾಡ್ತಾ ಇದ್ರೆ ಮೇಣ ಕಪ್ಪಗೆ ಅಂಚಿಗೆ ಬತ್ತದೆ, ಬಟ್ಟೇಲಿ ಒರೆಸಿ. ಆಮೇಲೆ ಬಿಸಿನೀರು, ಸೋಪು, ಹಳೇ ಹಲ್ಲುಜ್ಜೋ ಬ್ರಷ್ಷು. ನನ್ನ ಚಾಕಿಗೆ ಕಬ್ಬಿನ ರಸ, ಹಲಸಿನ ಮೇಣ ಎಲ್ಲ ಹತ್ತದೆ, ಒಂದು ಸ್ಕ್ರೂನೂ ಮುಟ್ಟಿಲ್ಲ.

ಜಯಲಕ್ಷ್ಮೀಪುರಂ: ಮೇಣ ಕರಗಿಸೋಕೆ ತೆಂಗಿನೆಣ್ಣೆ ಸರಿ, ಒಪ್ಕೋತೀನಿ. ಒಳಗೇ ಬಿಟ್ಟುಬಿಡೋದು ತಪ್ಪು. 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗತ್ತೆ. ಮೈಸೂರಲ್ಲಿ ಡಿಸೆಂಬರ್ ಬೆಳಿಗ್ಗೆ ಅಡುಗೆಮನೆ ಬಾಟಲಿ ನೋಡಿದವರಿಗೆ ಗೊತ್ತು. ಅಲಗಿನ ಎರಡೂ ಪಕ್ಕ ಕೂರೋ ತೆಳು ಬಳೆ, ಅಂದ್ರೆ ವಾಷರ್ ಸಂದಿಯಲ್ಲೂ ಅದೇ ಗತಿ. ಮೇಲಾಗಿ ಅಡುಗೆ ಎಣ್ಣೆ ಕಾಲಕ್ರಮೇಣ ಜಿಗಟಾಗಿ ದೂಳು ಹಿಡಿಯತ್ತೆ. ಹೊಲಿಗೆ ಮೆಷಿನ್ ಎಣ್ಣೆ ವಾಷರ್‌ಗೆ ಒಂದೊಂದು ಹನಿ, ಅಷ್ಟೇ ಸಾಕು.

ಮದ್ದೂರು ಗದ್ದೆ: ಸೋಪಲ್ಲಿ ತೊಳೀರಿ ಅಂತ ಬರೆದಿದ್ದು ಕಣ್ಣಿಗೆ ಬೀಳಲಿಲ್ವಾ ಸ್ವಾಮಿ? ಎಣ್ಣೆ ಒಳಗೆ ಎಲ್ಲುಳೀತು?

ಜಯಲಕ್ಷ್ಮೀಪುರಂ: ವಾಷರ್ ಅಡಿಗೆ ಬ್ರಷ್ ಹೋಗಲ್ಲ ಸ್ವಾಮಿ. ಒಳಗೆ ಸೇರಿದ ಸೋಪುನೀರೂ ಒಣಗಲ್ಲ. ನನ್ನ ಚಾಕಿನದು ಕಾರ್ಬನ್ ಉಕ್ಕು. ಹೊರಗೆಲ್ಲ ಪಳಪಳ, ಬಿಚ್ಚಿ ನೋಡಿದ್ರೆ ವಾಷರ್ ಕೂರೋ ಜಾಗದಲ್ಲಿ ಉಂಗುರದಾಕಾರಕ್ಕೆ ತುಕ್ಕು. ಅದಕ್ಕೇ ಬಿಚ್ಚಿ ಅನ್ನೋದು.

ಹೂಟಗಳ್ಳಿ ಫಿಟ್ಟರ್: ಬಿಚ್ಚೋದು ಯಾರಿಗಾದರೂ ಬರತ್ತೆ, ಜೋಡಿಸೋದರಲ್ಲೇ ಕೆಲಸ ಇರೋದು. ಒಂದೊಂದು ಭಾಗ ತೆಗೆದ ಹಾಗೂ ಫೋಟೋ ಹೊಡೀರಿ, ಸ್ಕ್ರೂಗಳನ್ನ ತೆಗೆದ ಜಾಗದ ಪ್ರಕಾರ ಇಡಿ. ಉದ್ದ ಒಂದೇ ಥರ ಕಾಣತ್ತೆ, ಅರ್ಧ ಮಿಲಿಮೀಟರ್ ಹೆಚ್ಚಿದ್ರೂ ತುದಿ ಒಳಗೆ ಬಂದು ಅಲಗಿಗೆ ಗೀರತ್ತೆ.

ಜೋಡಿಸೋ ಕ್ರಮ: ಲೈನರ್ (ಹಿಡಿಯೊಳಗಿನ ಲೋಹದ ತಗಡು), ಅದರ ಮೇಲೆ ವಾಷರ್, ಅಲಗು, ಇನ್ನೊಂದು ವಾಷರ್, ಸ್ಟಾಪ್ ಪಿನ್ (ತೆರೆದ ಅಲಗು ತಾಗಿ ನಿಲ್ಲೋ ಪಿನ್), ಬೆನ್ನಿನ ತುಂಡು, ಎರಡನೇ ಲೈನರ್. ವಾಷರ್ ಬದಲು ಬೇರಿಂಗ್ ಇದ್ದರೆ ಯಾವ ಮುಖ ಅಲಗಿನ ಕಡೆಗಿತ್ತು ಅಂತ ಫೋಟೋ ನೋಡಿಯೇ ಕೂರಿಸಿ. ಲಾಕ್ ಪಟ್ಟಿಯ ತುದಿ ಹತ್ತಿರ ಒಂದು ಸಣ್ಣ ಗುಂಡು ಒತ್ತಿ ಕೂರಿಸಿರ್ತಾರೆ, ಮಡಚಿದ ಅಲಗು ತಾನಾಗಿ ತೆರೆಯದ ಹಾಗೆ ತಡೆಯೋದು ಅದೇ. ಅದನ್ನ ಕೀಳಬೇಡಿ, ಉಜ್ಜಬೇಡಿ.

ಪಿವಟ್ ಪೂರ್ತಿ ಬಿಗಿ ಮಾಡಿ, ಆಮೇಲೆ ಎಂಟನೇ ಒಂದು ಸುತ್ತಿನಷ್ಟು ಹಿಂದೆ ತನ್ನಿ. ಅಲ್ಲಾಟ ನಿಂತಿರಬೇಕು, ಅಲಗು ಸರಾಗವಾಗಿ ಆಡಬೇಕು. ಮಡಚಿದಾಗ ಅಲಗು ಒಂದು ಲೈನರ್‌ಗೆ ವಾಲಿದ್ರೆ ಪಿವಟ್ ಜೊತೆ ಹೋರಾಡಬೇಡಿ, ಮೈ ಸ್ಕ್ರೂ ಸಡಿಲಿಸಿ ಅಲಗು ಮಧ್ಯಕ್ಕೆ ಹಿಡಿದು ಮತ್ತೆ ಬಿಗಿ ಮಾಡಿ. ಎಲ್ಲ ಸರಿ ಬಂದ ಮೇಲೆ ಸ್ಕ್ರೂ ಒಂದೊಂದನ್ನೇ ತೆಗೆದು ಎಳೆ ಮೇಲಿನ ಎಣ್ಣೆ ಒರೆಸಿ, ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲಾಗದ ಹಾಗೆ ಹಿಡಿಯೋ ಅಂಟು) ಹಲ್ಲುಕಡ್ಡಿ ತುದಿಯಷ್ಟು ಹಚ್ಚಿ. ಹೆಚ್ಚಾದದ್ದು ಪಿವಟ್ ಒಳಗೆ ಹರಿದು ವಾಷರನ್ನೇ ಅಂಟಿಸತ್ತೆ. ಒಂದು ದಿನ ಮುಟ್ಟಬೇಡಿ.

ಪಾಂಡವಪುರ: ನೀಲಿ ನಿಲ್ಲಲ್ಲ ಗುರು. ಹೊಲದ ಕೆಲಸಕ್ಕೆ ಕೆಂಪೇ ಬೇಕು. ಕೆಂಪು ಹಾಕಿದ ಮೇಲೆ ಜೇಬಿಗೆ ಸಿಕ್ಕಿಸೋ ಕ್ಲಿಪ್‌ನ ಸ್ಕ್ರೂ ಒಂದೂ ಬಿದ್ದಿಲ್ಲ.

ಹೂಟಗಳ್ಳಿ ಫಿಟ್ಟರ್: ಬೀಳಲ್ಲ, ಬಿಚ್ಚೋಕೂ ಬರಲ್ಲ. ಕೆಂಪು ಬಿಡೋಕೆ 250 ಡಿಗ್ರಿ ಆಸುಪಾಸು ಕಾವು ಬೇಕು. ಕೇಳಿದವರ ಹಿಡಿ ನೈಲಾನ್, 220ಕ್ಕೇ ಕರಗೋ ಜಾತಿಯ ನೈಲಾನ್ ಇದೆ. ನೀಲಿ ನಿಲ್ಲದಿದ್ದರೆ ಬಹುಮಟ್ಟಿಗೆ ಎಳೆ ಮೇಲೆ ಎಣ್ಣೆ ಉಳಿದಿರತ್ತೆ.

ಪಾಂಡವಪುರ: ನಂದು ಉಕ್ಕಿನ ಹಿಡಿ. ನಂಗೆ ಕಾವಿನ ಪಾಠ ಬೇಡ. ಅಲಗು ಮೊಂಡಾದ್ರೆ ಸಾಣೆ ಚಕ್ರಕ್ಕೆ ಕೊಡ್ತೀನಿ, ಅಲ್ಲೂ ಕಿಡಿ ಹಾರತ್ತೆ, ಏನೂ ಆಗಿಲ್ಲ.

ಜಯಲಕ್ಷ್ಮೀಪುರಂ: ಅಂಚು ನೀಲಿಗೆ ತಿರುಗಿದ್ರೆ ಆ ಜಾಗ 300 ಡಿಗ್ರಿ ಹತ್ತಿರ ಕಾದಿದೆ, ಉಕ್ಕಿನ ಹದ ಹೋಯ್ತು ಅಂತ ಲೆಕ್ಕ. ಎಷ್ಟು ಮಸೆದ್ರೂ ಹರಿತ ನಿಲ್ಲಲ್ಲ. ಕಲ್ಲಿನ ಮೇಲೆ ನೀರು ಹಾಕಿ ಕೈಯಲ್ಲೇ ಮಸೀಬೇಕು.

ಪಾಂಡವಪುರ: ನಾಕು ಚಾಕು ಮಸೆಯೋಕೆ ಒಂದು ಭಾನುವಾರ ಹೋಗತ್ತೆ. ನಿಮಗೆ ಪುರುಸೊತ್ತಿದೆ, ಮಸೀರಿ.

ಸರಸ್ವತಿಪುರಂ: ನನ್ನದರಲ್ಲಿ ಪಿವಟ್‌ನ ಒಂದು ಕಡೆ ಸ್ಕ್ರೂ, ಇನ್ನೊಂದು ಕಡೆ ನುಣುಪು ತಲೆ. ಬರೀ ಸುತ್ತುತ್ತಾ ಇದೆ. ಅದಕ್ಕೇನು?

ಕೆ.ಜಿ. ಕೊಪ್ಪಲು: ನುಣುಪು ತಲೆ ಮೇಲೆ ರಬ್ಬರ್ ತುಂಡು ಇಟ್ಟು ಹೆಬ್ಬೆರಳಲ್ಲಿ ಬಲವಾಗಿ ಒತ್ತಿ ಹಿಡಿದು ಈ ಕಡೆ ತಿರುಗಿಸಿ. ಅಲಗು ಮಡಚಿರಲಿ, ಬಾಯಿಗೆ ಟೇಪ್ ಸುತ್ತಿರಲಿ. ಎರಡೂ ಕಡೆ ನುಣುಪಿದ್ದರೆ ಅದು ರಿವೆಟ್ (ಬಡಿದು ಕೂರಿಸಿದ ಮೊಳೆ), ಅಂಥದ್ದನ್ನ ಮನೇಲಿ ಬಿಚ್ಚಬೇಡಿ, ಮದ್ದೂರಿನವರು ಹೇಳಿದ ಹಾಗೆ ತೊಳೆದು ಒಣಗಿಸಿ ಎಣ್ಣೆ ಬಿಡಿ.

ಮದ್ದೂರು ಗದ್ದೆ: ಅದ್ನೇ ಕನಣ್ಣ ಮೊದ್ಲಿಂದ ಬಡ್ಕೊತಿರೋದು.

ಹೂಟಗಳ್ಳಿ ಫಿಟ್ಟರ್: ಜೋಡಿಸಿದ ಮೇಲೆ ಲಾಕ್ ನೋಡದೆ ಬಳಸಬೇಡಿ. ಲಾಕ್ ಪಟ್ಟಿ ಅಲಗಿನ ಬುಡದ ದಪ್ಪದಲ್ಲಿ ಕಾಲು ಭಾಗವಾದರೂ ಹತ್ತಿ ಕೂತಿರಬೇಕು. ಬೆರಳು ಅಲಗು ಮಡಚೋ ದಾರಿಗೆ ಸಿಗದ ಹಾಗೆ ಹಿಡಿದು ಅಲಗಿನ ಬೆನ್ನನ್ನ ಮರದ ಅಂಚಿಗೆ ಮೆಲ್ಲಗೆ ಒತ್ತಿ. ಜಾರಿದ್ರೆ ಮತ್ತೆ ಬಿಚ್ಚಿ: ಒಂದೋ ಸ್ಟಾಪ್ ಪಿನ್ ಸರಿಯಾಗಿ ಕೂತಿಲ್ಲ, ಇಲ್ಲ ಲಾಕ್ ಮುಖಕ್ಕೆ ಎಣ್ಣೆ ಹತ್ತಿದೆ.