ಕೇಳುವುದೋ, ಕೇಳಿಕೊಳ್ಳುವುದೋ: ಪರಿಸರದ ಪತ್ರಕ್ಕೊಂದು ಕ್ರಿಯಾಪದ ಬೇಕಾಗಿದೆ

ಎಲ್ಲರಿಗೂ ನಮಸ್ಕಾರ.

ಒಂದು ಕ್ರಿಯಾಪದದ ವಿಷಯದಲ್ಲಿ ನಿಮ್ಮ ನೆರವು ಬೇಕು. ಕಾರ್ಖಾನೆಯೊಂದು ಕೊಳಕು ನೀರನ್ನು ಶುದ್ಧೀಕರಿಸದೆ ಹೊಳೆಗೆ ಬಿಡುವುದನ್ನು ನಿಲ್ಲಿಸಬೇಕೆಂದು ನಾಗರಿಕರ ಗುಂಪೊಂದು ಬರೆದ ಪತ್ರ ತಿದ್ದುವುದಕ್ಕಾಗಿ ನನ್ನ ಕೈಗೆ ಬಂದಿದೆ. ಪತ್ರ ಒಂದೇ, ಪ್ರತಿ ಎರಡು: ಒಂದು ಮಂತ್ರಿಗಳಿಗೆ, ಇನ್ನೊಂದು ಕಂಪನಿಯ ಮುಖ್ಯಸ್ಥರಿಗೆ. ಎರಡು ಪುಟ ಸರಾಗವಾಗಿ ಓದಿಸಿಕೊಂಡು ಹೋಗುತ್ತದೆ. ತೊಡಕಿರುವುದು ಕೊನೆಯ ವಾಕ್ಯದಲ್ಲಿ. ಮೊದಲ ಕರಡಿನಲ್ಲಿ ‘ತಾವು ಕೂಡಲೇ ಕ್ರಮ ಕೈಗೊಳ್ಳಬೇಕೆಂದು ವಿನಮ್ರವಾಗಿ ಕೇಳಿಕೊಳ್ಳುತ್ತೇವೆ’ ಎಂದಿತ್ತು. ಯಾರೋ ಅದನ್ನು ಹೊಡೆದುಹಾಕಿ ಮೇಲೆ ‘ಮನವಿ ಮಾಡುತ್ತೇವೆ’ ಎಂದು ಬರೆದಿದ್ದಾರೆ. ಇನ್ನೊಬ್ಬರು ಅದನ್ನೂ ಹೊಡೆದು ಅಂಚಿನಲ್ಲಿ ‘ಆಗ್ರಹಿಸುತ್ತೇವೆ’ ಎಂದಿದ್ದಾರೆ. ಅದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಒತ್ತಾಯಿಸುತ್ತೇವೆ?’ ಎಂದಿದೆ. ಪ್ರಶ್ನಾರ್ಥಕ ಚಿಹ್ನೆ ನನ್ನದಲ್ಲ, ಬರೆದವರದ್ದೇ. ಸಹಿ ಹಾಕಲು ಬಂದ ಹಿರಿಯರೊಬ್ಬರು ಮೊದಲ ಕರಡನ್ನು ಓದಿ, ‘ನಾವೇನು ಸಾಲ ಕೇಳಲು ಹೊರಟಿದ್ದೇವೆಯೇ?’ ಎಂದರಂತೆ. ಆ ಮಾತಿನಿಂದಲೇ ಈ ತಿದ್ದುಪಡಿಗಳ ಸರಣಿ ಶುರುವಾದದ್ದು.

ಹಿರಿಯರ ಕಿವಿ ಚುರುಕಾಗಿದೆ. ‘ಕೇಳುತ್ತೇವೆ’ ಎಂಬುದಕ್ಕೆ ‘ಕೊಳ್ಳು’ ಸೇರಿದ ಕೂಡಲೇ ಬೆನ್ನು ಬಾಗುತ್ತದೆ. ಕೇಳುವವನು ನೆಟ್ಟಗೆ ನಿಂತಿರುತ್ತಾನೆ, ಕೇಳಿಕೊಳ್ಳುವವನು ಕೈಜೋಡಿಸಿರುತ್ತಾನೆ. ಬೇಡು ಮತ್ತು ಬೇಡಿಕೊಳ್ಳು ಎಂಬ ಜೋಡಿಯಲ್ಲಿಯೂ ಹಾಗೆಯೇ. ಆದರೆ ‘ಬೇಡು’ ಎಂಬ ಅದೇ ಧಾತುವಿನಿಂದ ಹುಟ್ಟಿದ ‘ಬೇಡಿಕೆ’ಯನ್ನು ನೋಡಿ. ಕಾರ್ಮಿಕ ಸಂಘದವರು ಬೇಡಿಕೆ ಮುಂದಿಟ್ಟರೆ ಅಲ್ಲಿ ಭಿಕ್ಷೆಯ ನೆರಳೂ ಇರುವುದಿಲ್ಲ. ಬೇಡುವವನ ನಾಮಪದ ಇಷ್ಟು ಗಟ್ಟಿಯಾದದ್ದು ಹೇಗೆ ಎಂಬುದು ಬೇರೆಯೇ ಒಂದು ಚರ್ಚೆ. ನನಗೆ ಅನ್ನಿಸುವುದೇನೆಂದರೆ, ಒಬ್ಬನೇ ಬೇಡಿದರೆ ಬೇಡುವುದು, ನೂರು ಜನ ಸಹಿ ಹಾಕಿ ಬೇಡಿದರೆ ಬೇಡಿಕೆ.

‘ಮನವಿ’ಯ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಅದು ಕಚೇರಿಯ ಪದ. ಅದರ ಮೇಲೆ ಮೊಹರು ಒತ್ತಿ ಕಡತಕ್ಕೆ ಸೇರಿಸುವುದು ಸುಲಭ. ‘ಅಹವಾಲು’ ಇನ್ನೂ ಸ್ವಾರಸ್ಯಕರ. ಅರಬ್ಬಿಯಲ್ಲಿ ‘ಹಾಲ್’ ಎಂದರೆ ಸ್ಥಿತಿ, ‘ಅಹ್ವಾಲ್’ ಅದರ ಬಹುವಚನ. ಮರಾಠಿಯಲ್ಲಿ ಅದೇ ಪದಕ್ಕೆ ಇಂದು ವರದಿ ಎಂಬ ಅರ್ಥ. ಕನ್ನಡಕ್ಕೆ ಬಂದಾಗ ಮಾತ್ರ ಅದು ದೂರು ದುಮ್ಮಾನವಾಗಿದೆ. ನಮ್ಮಲ್ಲಿ ಸ್ಥಿತಿಯನ್ನು ವಿವರಿಸಿದರೆ ಸಾಕು, ಅದು ದೂರೇ ಆಗಿಬಿಡುತ್ತದೆ ಎಂದು ಬೇಕಾದರೆ ತಮಾಷೆಗೆ ಹೇಳಬಹುದು.

ಇನ್ನು ‘ಆಗ್ರಹ’. ಪತ್ರಿಕೆಗಳ ತಲೆಬರಹಗಳಲ್ಲಿ ಇದು ದಿನಕ್ಕೆ ಹತ್ತು ಸಲ ಕಾಣಿಸುತ್ತದೆ, ‘ಕ್ರಮಕ್ಕೆ ಆಗ್ರಹ’ ಎಂದು. ಅಂಕಣದ ಅಗಲಕ್ಕೆ ಸರಿಹೊಂದುತ್ತದೆ ಎಂಬುದೇ ಅದರ ಜನಪ್ರಿಯತೆಗೆ ಅರ್ಧ ಕಾರಣವಿರಬೇಕು. ಆದರೆ ಕನ್ನಡದಲ್ಲಿ ಆಗ್ರಹಕ್ಕೆ ಕೋಪ ಎಂಬ ಅರ್ಥವೂ ಇದೆಯಷ್ಟೆ. ‘ರಾಜನ ಆಗ್ರಹಕ್ಕೆ ಗುರಿಯಾದ’ ಎಂದಾಗ ರಾಜ ಏನನ್ನೂ ಒತ್ತಾಯಿಸುತ್ತಿರುವುದಿಲ್ಲ, ಸಿಟ್ಟಾಗಿರುತ್ತಾನೆ. ಸಂಸ್ಕೃತದ ‘ಗ್ರಹ’ ಎಂದರೆ ಹಿಡಿಯುವುದು. ನಮ್ಮ ‘ಹಟ ಹಿಡಿ’, ‘ಪಟ್ಟು ಹಿಡಿ’ಗಳಲ್ಲಿ ಇರುವುದೂ ಅದೇ ಹಿಡಿತ. ದಕ್ಷಿಣ ಆಫ್ರಿಕಾದಲ್ಲಿ ಗಾಂಧೀಜಿ ತಮ್ಮ ಹೋರಾಟಕ್ಕೊಂದು ಹೆಸರು ಬೇಕೆಂದು ‘ಇಂಡಿಯನ್ ಒಪಿನಿಯನ್’ ಪತ್ರಿಕೆಯಲ್ಲಿ ಬಹುಮಾನ ಘೋಷಿಸಿದಾಗ ಮಗನಲಾಲ್ ಗಾಂಧಿ ‘ಸದಾಗ್ರಹ’ ಎಂದು ಸೂಚಿಸಿದರು. ಗಾಂಧೀಜಿ ಅದನ್ನು ‘ಸತ್ಯಾಗ್ರಹ’ ಎಂದು ತಿದ್ದಿಕೊಂಡರು. ಅಲ್ಲಿ ಆಗ್ರಹ ಎಂದರೆ ಸತ್ಯದ ಹಿಡಿತವೇ ಹೊರತು ಕೋಪವಲ್ಲ. ನಮ್ಮ ಪತ್ರದ ಆಗ್ರಹವನ್ನು ಮಂತ್ರಿಗಳ ಆಪ್ತ ಸಹಾಯಕರು ಯಾವ ಅರ್ಥದಲ್ಲಿ ಓದುತ್ತಾರೋ ಗೊತ್ತಿಲ್ಲ. ಎರಡು ಅರ್ಥವೂ ಸುಳ್ಳಲ್ಲ ಎಂಬುದು ಗುಂಪಿನಲ್ಲಿ ಕೆಲವರ ವಾದ.

‘ಒತ್ತಾಯ’ಕ್ಕೆ ಬೇರು ಒತ್ತು. ಅದಕ್ಕೆ ‘ಹಕ್ಕು’ ಸೇರಿಸಿ ಲೋಪಸಂಧಿ ಮಾಡಿ ‘ಹಕ್ಕೊತ್ತಾಯ’ ಎಂದು ಕಟ್ಟಿದವರು ಯಾರೋ, ಅವರ ಕೈ ಒಳ್ಳೆಯದು. ಅರಬ್ಬಿಯಿಂದ ಬಂದ ಹಕ್ಕೂ ಕನ್ನಡದ ಒತ್ತೂ ಎಷ್ಟು ಸಹಜವಾಗಿ ಬೆಸೆದುಕೊಂಡಿವೆ ಎಂದರೆ ಮಧ್ಯದ ಗೆರೆಯೇ ಕಾಣಿಸುವುದಿಲ್ಲ. ಬರಿಯ ಒತ್ತಾಯದಲ್ಲಿ ಬಲವಂತದ ವಾಸನೆಯಿದೆ; ಹಕ್ಕು ಸೇರಿದಾಗ ಆ ಬಲ ಎಲ್ಲಿಂದ ಬಂತು ಎಂಬುದೂ ಗೊತ್ತಾಗುತ್ತದೆ. ಆದರೆ ಅದು ಕರಪತ್ರದ ತಲೆಯ ಮೇಲೆ ಒಪ್ಪುವಷ್ಟು ವಾಕ್ಯದ ಕೊನೆಗೆ ಒಪ್ಪುವುದಿಲ್ಲ. ‘ಹಕ್ಕೊತ್ತಾಯಿಸುತ್ತೇವೆ’ ಎಂದು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ.

ಇದರ ಜೊತೆಗೇ ಇನ್ನೊಂದು ಜಗಳ. ಪತ್ರದ ತಲೆಬರಹದಲ್ಲಿ ‘ಹೊಳೆ ಉಳಿಸಿ ಅಭಿಯಾನ’ ಎಂದಿದೆ. ನಾನು ‘ಚಳವಳಿ’ ಎಂದು ತಿದ್ದಿದೆ. ‘ಚಳವಳಿ ಎಂದರೆ ಜನ ಹೆದರುತ್ತಾರೆ, ಅಭಿಯಾನ ಎಂದರೆ ಸಹಿ ಹಾಕುತ್ತಾರೆ’ ಎಂದು ಉತ್ತರ ಬಂತು. ವ್ಯುತ್ಪತ್ತಿ ನೋಡಿದರೆ ಹೆದರಬೇಕಾದದ್ದು ಅಭಿಯಾನಕ್ಕೆ. ಸಂಸ್ಕೃತದಲ್ಲಿ ಅದರ ಅರ್ಥ ಎದುರಾಳಿಯ ಮೇಲೆ ಏರಿಹೋಗುವುದು, ದಂಡಯಾತ್ರೆ. ಇಂಗ್ಲಿಷಿನ ಕ್ಯಾಂಪೇನ್ ಕೂಡ ಲ್ಯಾಟಿನ್ನಿನ ಬಯಲಿನಿಂದ ಹೊರಟು ಸೇನೆಯ ಬಾಯಿಗೆ ಬಿದ್ದು ಆಮೇಲೆ ಚುನಾವಣೆಗೆ ಬಂದ ಪದ. ಬಳಕೆಯಲ್ಲಿ ಮಾತ್ರ ದಿಕ್ಕು ತಿರುಗಿದೆ. ಲಸಿಕೆ ಅಭಿಯಾನ, ಸ್ವಚ್ಛತಾ ಅಭಿಯಾನ, ಸಸಿ ನೆಡುವ ಅಭಿಯಾನ: ಎಲ್ಲವೂ ಮೇಲಿನಿಂದ ಕೆಳಕ್ಕೆ ಇಳಿದುಬರುವಂಥವು. ಅಭಿಯಾನದಲ್ಲಿ ಸರ್ಕಾರವೋ ಕಂಪನಿಯೋ ನಾಗರಿಕನಿಗೆ ಬುದ್ಧಿ ಹೇಳುತ್ತದೆ. ಚಳವಳಿಯಲ್ಲಿ ನಾಗರಿಕ ಸರ್ಕಾರಕ್ಕೆ, ಕಂಪನಿಗೆ ಬುದ್ಧಿ ಹೇಳುತ್ತಾನೆ. ಹೊಳೆಗೆ ಕೊಳಕು ಬಿಡುವ ಕಂಪನಿಯೇ ಶಾಲಾ ಮಕ್ಕಳನ್ನು ಕರೆದು ‘ಜಲ ಉಳಿಸಿ ಅಭಿಯಾನ’ ನಡೆಸಬಹುದು. ಅದೇ ಕಂಪನಿ ಚಳವಳಿ ನಡೆಸುವುದಿಲ್ಲ. ಹೀಗಾಗಿ ನನ್ನ ಮತ ಚಳವಳಿಗೆ. (ಚಳುವಳಿಯೋ ಚಳವಳಿಯೋ ಎಂದು ದಯವಿಟ್ಟು ಮತ್ತೆ ಎಳೆಯಬೇಡಿ. ಮರಾಠಿಯ ‘ಚಳವಳ’ದಿಂದ ಬಂದದ್ದಕ್ಕೆ ಬಳುವಳಿಯ ಉಕಾರವನ್ನು ಏಕೆ ಕೊಡಬೇಕು ಎಂಬುದಷ್ಟೇ ನನ್ನ ಪ್ರಶ್ನೆ.) ‘ಆಂದೋಲನ’ ಬೇಡವೆಂದು ಮೊದಲೇ ಹೇಳಿದೆ. ಅದರ ಮೂಲಾರ್ಥ ತೂಗಾಟ. ಭೌತಶಾಸ್ತ್ರದ ಪಾಠದಲ್ಲಿ ಲೋಲಕ ಆಂದೋಲನ ಮಾಡಿ ಹೊರಟ ಜಾಗಕ್ಕೇ ಮರಳುತ್ತದೆ.

ಹೆಸರಿಡುವ ವಿಚಾರಕ್ಕೆ ಬಂದರೆ ‘ಅಪ್ಪಿಕೋ’ವನ್ನು ಮೀರಿಸಿದ್ದು ಕನ್ನಡದಲ್ಲಿ ಇನ್ನೂ ಹುಟ್ಟಿಲ್ಲ. ಹಿಮಾಲಯದ ತಪ್ಪಲಿನಲ್ಲಿ 1973ರಲ್ಲಿ ಆರಂಭವಾದ ಚಿಪ್ಕೋದಿಂದ ಸ್ಫೂರ್ತಿ ಪಡೆದು ಉತ್ತರ ಕನ್ನಡದ ಸಲ್ಕಣಿಯಲ್ಲಿ 1983ರಲ್ಲಿ ಜನ ಮರಗಳನ್ನು ತಬ್ಬಿ ನಿಂತಾಗ ಹೆಸರನ್ನು ಪದಕ್ಕೆ ಪದ ಕನ್ನಡಿಸಿದರು. ಗಮನಿಸಿ, ಇಲ್ಲಿರುವುದೂ ಅದೇ ‘ಕೊಳ್ಳು’. ಕೇಳುವವನ ಬೆನ್ನು ಬಾಗಿಸಿದ ಸಹಾಯಕ ಕ್ರಿಯಾಪದ ಅಪ್ಪುವವನ ತೋಳನ್ನು ಬಿಗಿಗೊಳಿಸಿದೆ. ಅದು ಯಾರಿಗೂ ಸಲ್ಲಿಸಿದ ಮನವಿಯಲ್ಲ. ಪಕ್ಕದಲ್ಲಿ ನಿಂತವನಿಗೆ ಹೇಳಿದ ವಿಧ್ಯರ್ಥ.

ಅದೇ ‘ಕೊಳ್ಳು’ ಅಂಗಡಿಗೂ ಹೋಗುತ್ತದೆ. ಪತ್ರದ ಎರಡನೆಯ ಪುಟದಲ್ಲಿ, ಕಂಪನಿ ಸ್ಪಂದಿಸದಿದ್ದರೆ ಅದರ ಸರಕುಗಳನ್ನು ‘ಬಹಿಷ್ಕರಿಸುತ್ತೇವೆ’ ಎಂದಿದೆ. ಊರಿನಿಂದ, ಜಾತಿಯಿಂದ ಮನುಷ್ಯರನ್ನು ಹೊರಹಾಕಿದ ಪದವನ್ನು ಸಾಬೂನಿಗೆ ಬಳಸಲು ನನಗೆ ಮನಸ್ಸಿರಲಿಲ್ಲ. ‘ಕೊಳ್ಳುವುದಿಲ್ಲ’ ಎಂದು ತಿದ್ದಿದೆ. ಆಮೇಲೆ ಯೋಚಿಸಿದರೆ, ಇಂಗ್ಲಿಷಿನ ಮೂಲಪದವೂ ಶುದ್ಧವಾದದ್ದೇನಲ್ಲ. 1880ರಲ್ಲಿ ಐರ್ಲೆಂಡಿನಲ್ಲಿ ಜಮೀನ್ದಾರನೊಬ್ಬನ ಏಜೆಂಟನಾಗಿದ್ದ ಕ್ಯಾಪ್ಟನ್ ಬಾಯ್ಕಾಟ್‌ನ ಹೊಲ ಕೊಯ್ಯಲು ಆಳು ಬರಲಿಲ್ಲ, ಅಂಗಡಿಯವರು ಸಾಮಾನು ಕೊಡಲಿಲ್ಲ. ಅದು ಅಪ್ಪಟ ಸಾಮಾಜಿಕ ಬಹಿಷ್ಕಾರವೇ. ಸರಕಿಗೆ ಅನ್ವಯವಾದದ್ದು ನಂತರ. 1995ರಲ್ಲಿ ಶೆಲ್ ಕಂಪನಿ ಬ್ರೆಂಟ್ ಸ್ಪಾರ್ ಎಂಬ ತೈಲ ಸಂಗ್ರಹದ ಬೃಹತ್ ತೇಲುಕಟ್ಟಡವನ್ನು ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿಸಲು ಹೊರಟಾಗ ಗ್ರೀನ್‌ಪೀಸ್ ಕಾರ್ಯಕರ್ತರು ಅದನ್ನೇರಿ ಕುಳಿತರು. ಜರ್ಮನಿಯಲ್ಲಿ ಜನ ಶೆಲ್ ಬಂಕುಗಳಿಗೆ ಹೋಗುವುದನ್ನು ನಿಲ್ಲಿಸಿದರು. ಜೂನ್ 20ರಂದು ಕಂಪನಿ ಯೋಜನೆಯನ್ನು ಕೈಬಿಟ್ಟಿತು. ಅದರೊಳಗೆ ಉಳಿದಿದ್ದ ತೈಲದ ಬಗ್ಗೆ ತಾನು ಕೊಟ್ಟ ಲೆಕ್ಕ ತಪ್ಪಾಗಿತ್ತೆಂದು ಗ್ರೀನ್‌ಪೀಸ್ ಕೆಲವು ತಿಂಗಳ ನಂತರ ಕ್ಷಮೆ ಕೇಳಿತು ಎಂಬುದನ್ನೂ ಹೇಳಬೇಕು. ಪದವನ್ನಷ್ಟೇ ಅಲ್ಲ, ಅಂಕಿಯನ್ನೂ ತೂಗಿ ಬರೆಯಬೇಕಾಗುತ್ತದೆ. ನಮ್ಮ ಪತ್ರದಲ್ಲಿಯೂ ‘ಲಕ್ಷಾಂತರ ಮೀನುಗಳು’ ಎಂದಿತ್ತು. ಎಣಿಸಿದವರು ಯಾರು ಎಂದು ಕೇಳಿ ಹೊಡೆದುಹಾಕಿದ್ದೇನೆ.

‘ಹೂಡು’ ಎಂಬ ಪದದ ಬಗ್ಗೆ ಎರಡು ಮಾತು, ವಿಷಯಾಂತರವಾದರೂ. ನಾವು ನೇಗಿಲು ಹೂಡುತ್ತೇವೆ, ಬಾಣ ಹೂಡುತ್ತೇವೆ, ಮುಷ್ಕರ ಹೂಡುತ್ತೇವೆ, ದಾವೆ ಹೂಡುತ್ತೇವೆ, ಬಂಡವಾಳವನ್ನೂ ಹೂಡುತ್ತೇವೆ. ಪರಿಸರ ಚಳವಳಿಯ ಸಲಕರಣೆಗಳೆಲ್ಲ ಈ ಒಂದೇ ಪದದಲ್ಲಿವೆ. 2018ರ ಆಗಸ್ಟಿನಲ್ಲಿ ಸ್ವೀಡನ್ನಿನ ಸಂಸತ್ತಿನ ಹೊರಗೆ ಗ್ರೇತಾ ಥುನ್‌ಬರ್ಗ್ ಒಬ್ಬಳೇ ಕುಳಿತು ಹೂಡಿದ್ದು ಶಾಲಾ ಮುಷ್ಕರ. ನೆದರ್‌ಲೆಂಡ್ಸಿನಲ್ಲಿ ಅರ್ಜೆಂಡಾ ಎಂಬ ಸಂಸ್ಥೆ 886 ನಾಗರಿಕರೊಂದಿಗೆ ತನ್ನ ಸರ್ಕಾರದ ಮೇಲೆಯೇ ಹೂಡಿದ್ದು ದಾವೆ. 2020ರ ಅಂತ್ಯದೊಳಗೆ ಹಸಿರುಮನೆ ಅನಿಲಗಳ ಹೊರಸೂಸುವಿಕೆಯನ್ನು 1990ರ ಮಟ್ಟಕ್ಕಿಂತ ಕನಿಷ್ಠ ಶೇ 25ರಷ್ಟು ಇಳಿಸಲೇಬೇಕೆಂಬ ತೀರ್ಪನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2019ರ ಡಿಸೆಂಬರಿನಲ್ಲಿ ಎತ್ತಿಹಿಡಿಯಿತು. ಕಲ್ಲಿದ್ದಲು, ತೈಲ ಕಂಪನಿಗಳಲ್ಲಿ ಹೂಡಿದ ಹಣವನ್ನು ಹಿಂದಕ್ಕೆ ಪಡೆಯಿರಿ ಎನ್ನುವ ಚಳವಳಿಗೆ 2014ರಲ್ಲಿ ರಾಕ್‌ಫೆಲರ್ ಬ್ರದರ್ಸ್ ನಿಧಿಯೇ ಓಗೊಟ್ಟಿತು. ತೈಲದಲ್ಲಿ ಮಾಡಿದ ಹಣ ತೈಲವನ್ನು ಬಿಟ್ಟು ಎದ್ದಿತು. ಇದನ್ನು ಕನ್ನಡದಲ್ಲಿ ಏನೆನ್ನೋಣ? ‘ಬಂಡವಾಳ ಹಿಂತೆಗೆತ’ ಎಂದರೆ ಸರ್ಕಾರ ತನ್ನ ಉದ್ದಿಮೆಗಳ ಷೇರು ಮಾರುವ ಸುದ್ದಿ ಎಂದು ಓದುಗ ಪುಟ ತಿರುವುತ್ತಾನೆ. ‘ಹೂಡಿಕೆ ಬಿಡುಗಡೆ’ ಎಂದು ಒಬ್ಬರು ಸೂಚಿಸಿದರು. ಕಿವಿಗೆ ಜೈಲಿನ ಸುದ್ದಿಯಂತಿದೆ. ನೇಗಿಲು ಬಿಚ್ಚುವ ಹಾಗೆ ‘ಹೂಡಿಕೆ ಬಿಚ್ಚುವುದು’ ಎಂದರೆ ಹೇಗೆ?

ಮತ್ತೆ ನನ್ನ ಕೊನೆಯ ವಾಕ್ಯಕ್ಕೆ ಬರುತ್ತೇನೆ. ಇಂಥ ಪತ್ರಗಳಿಗೆ ಬರುವ ಉತ್ತರಗಳ ವ್ಯಾಕರಣ ನಿಮಗೆ ಗೊತ್ತೇ ಇದೆ: ‘ಪರಿಶೀಲಿಸಲಾಗುವುದು’, ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’. ಕರ್ಮಣಿ ಪ್ರಯೋಗದಲ್ಲಿ ಕರ್ತೃ ಮಾಯ. ಯಾರು ಪರಿಶೀಲಿಸುತ್ತಾರೆ ಎಂದು ಹುಡುಕಿದರೆ ವಾಕ್ಯದಲ್ಲಿ ಯಾರೂ ಇಲ್ಲ. ‘ಕ್ರಮ ಕೈಗೊಳ್ಳಬೇಕೆಂದು’ ಬರೆದರೆ ‘ಕ್ರಮ ಕೈಗೊಳ್ಳಲಾಗುವುದು’ ಎಂಬ ಉತ್ತರವನ್ನು ನಾವೇ ಬರೆದುಕೊಟ್ಟ ಹಾಗೆ.

ಆದ್ದರಿಂದ ನನಗೆ ಈಗ ಸರಿಯೆನ್ನಿಸುತ್ತಿರುವುದು ಕೊಳ್ಳು ಇಲ್ಲದ ಬರಿಯ ‘ಕೇಳು’. ‘ಹೇಳುವವರಿಲ್ಲ, ಕೇಳುವವರಿಲ್ಲ’ ಎಂದು ನಾವು ಗೊಣಗುವಾಗ ಆ ಕೇಳುವಿಕೆಯಲ್ಲಿ ವಿಚಾರಿಸುವ, ಲೆಕ್ಕ ಕೇಳುವ ಅರ್ಥವಿದೆ. ಅದೇ ಕ್ರಿಯಾಪದ ಎದುರಿನವನಿಗೂ ಸಲ್ಲುತ್ತದೆ: ನಾವು ಕೇಳುತ್ತೇವೆ, ಅವರು ಕೇಳಬೇಕು. ಪರೀಕ್ಷೆಗೆಂದು ವಾಕ್ಯವನ್ನು ಹೀಗೆ ಬರೆದಿದ್ದೇನೆ: ‘ಶುದ್ಧೀಕರಿಸದ ನೀರನ್ನು ಹೊಳೆಗೆ ಬಿಡುವುದನ್ನು ನಿಲ್ಲಿಸಬೇಕು. ಯಾವ ದಿನದಿಂದ ನಿಲ್ಲಿಸುತ್ತೀರಿ, ಅದಕ್ಕೆ ಹೊಣೆ ಯಾರು ಎಂದು ಕೇಳುತ್ತಿದ್ದೇವೆ.’

ಗುಂಪಿನ ಅರ್ಧ ಜನರಿಗೆ ಇದು ಇಷ್ಟವಾಗಿದೆ. ಉಳಿದವರಿಗೆ ಮಂತ್ರಿಗಳ ಪ್ರತಿಯಲ್ಲಿ ಇದು ಉದ್ಧಟತನವಾಗಿ ಕಾಣುತ್ತದೆಂಬ ಅಳುಕು. ಕಂಪನಿಯ ಪ್ರತಿಗೆ ಇದಿರಲಿ, ಮಂತ್ರಿಗಳಿಗೆ ‘ಕೋರುತ್ತೇವೆ’ ಎಂದು ಬರೆಯೋಣ ಎನ್ನುತ್ತಾರೆ. ಒಂದೇ ಹೊಳೆಗೆ ಎರಡು ಕ್ರಿಯಾಪದ ನನಗೆ ಒಪ್ಪಿಗೆಯಿಲ್ಲ. ಸಾರ್ವಜನಿಕ ಪತ್ರಗಳನ್ನು ಬರೆದ, ತಿದ್ದಿದ ಅನುಭವ ಇರುವವರು ಹೇಳಿ: ‘ನಿಲ್ಲಿಸಬೇಕು’ ಎಂಬಲ್ಲಿ ವಾಕ್ಯ ಮುಗಿಸಿದರೆ ನಿಮ್ಮ ಕಿವಿಗೆ ಅದು ಅವಿನಯವೇ? ಶುಕ್ರವಾರ ಪ್ರತಿಗಳನ್ನು ಮುದ್ರಿಸುತ್ತಾರೆ.